ಮೇಲಿಂದ ಕೆಳಕ್ಕೆ ಇಳಿದ ಓವನ್

ರಾತ್ರಿ ಮೇಜಿನ ಮೇಲೇ ಬಿಟ್ಟಿದ್ದ ಬೆಣ್ಣೆಗೆ ಬೆಳಿಗ್ಗೆ ಚಾಕು ಇಳಿಯಲಿಲ್ಲ. ಮೊನ್ನೆ ಮೊನ್ನೆಯವರೆಗೂ ಬ್ರೆಡ್ಡಿನ ಮೇಲೆ ಸಲೀಸಾಗಿ ಹರಡುತ್ತಿದ್ದ ಬೆಣ್ಣೆ ಅದು. ಅಡುಗೆಮನೆಯ ಗೋಡೆಯ ಉಷ್ಣಮಾಪಕ ನೋಡಿದರೆ 18 ಡಿಗ್ರಿ. ಶರತ್ಕಾಲ ಬಂತು ಅಂತ ನನಗೆ ಗೊತ್ತಾಗುವುದೇ ಹೀಗೆ. ಬೆಳಗಿನ ಹೊತ್ತು ಕಿಟಕಿಯಲ್ಲಿ ನಿಂತು ಎಲೆ ಉದುರುವುದನ್ನು ನೋಡುವಷ್ಟು ಪುರುಸೊತ್ತು ಯಾರಿಗಿದೆ?

ಬೇಸಿಗೆಯುದ್ದಕ್ಕೂ ಓವನ್ ಹತ್ತಿರ ಹೋಗುವುದಕ್ಕೇ ಮನಸ್ಸಿರಲಿಲ್ಲ. ಈಗ ಅದನ್ನು ಹಚ್ಚಿದರೆ ಅಡುಗೆಮನೆಯೂ ಬೆಚ್ಚಗಾಗುತ್ತದೆ. ಆದರೆ ಕಾಯುವುದಕ್ಕೇ ಅರ್ಧ ಗಂಟೆ ತಗೊಳ್ಳುವ ಪೆಟ್ಟಿಗೆಯಲ್ಲಿ ಒಂದೇ ಒಂದು ಬ್ರೆಡ್ ಬೇಯಿಸಿ ಆರಿಸಿಬಿಟ್ಟರೆ ಉಳಿದ ಬಿಸಿಯೆಲ್ಲ ದಂಡ. ಅದಕ್ಕೇ ಶನಿವಾರ ರಾತ್ರಿ ಕೆಂಪು ಬೀನ್ಸ್ ಕಾಳು ನೆನೆಹಾಕುವಾಗಲೇ ಒಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೆ: 230 ಡಿಗ್ರಿಯಲ್ಲಿ ಬ್ರೆಡ್, 200ಕ್ಕೆ ಸಿಹಿಗುಂಬಳ, 190ಕ್ಕೆ ಸೇಬಿನ ಪೈ, 150ಕ್ಕೆ ಕಾಳಿನ ಪಾತ್ರೆ, ಓವನ್ ಆರಿಸಿದ ಮೇಲೆ ಹಳೇ ಬ್ರೆಡ್ಡಿನ ಚೂರು. ಮೆಟ್ಟಿಲು ಇಳಿದ ಹಾಗೆ. ಬಿಸಿ ತಾನಾಗಿಯೇ ಇಳಿಯುವ ದಿಕ್ಕಿನಲ್ಲೇ ಅಡುಗೆಯೂ ಇಳಿದರೆ ಕಾಯುವ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ.

ಬ್ರೆಡ್ಡಿನ ಲೆಕ್ಕ ದೊಡ್ಡದೇನಲ್ಲ. ಹಿಟ್ಟು 500 ಗ್ರಾಂ, ನೀರು 350, ಉಪ್ಪು 10, ಒಣ ಯೀಸ್ಟ್ 3 ಗ್ರಾಂ. ಇದರಲ್ಲಿ ಋತುವಿಗೆ ತಕ್ಕಂತೆ ಬದಲಾಗಬೇಕಾದದ್ದು ಒಂದೇ, ನೀರಿನ ಬಿಸಿ. ಕಲಸಿದ ಹಿಟ್ಟು 25 ಡಿಗ್ರಿಯ ಆಸುಪಾಸು ಇದ್ದರೆ ಯೀಸ್ಟಿಗೆ ಖುಷಿ. ಬೇಕರಿ ಕೆಲಸದವರು ಇದಕ್ಕೊಂದು ಸರಳ ಲೆಕ್ಕ ಇಟ್ಟುಕೊಂಡಿರುತ್ತಾರೆ. ಬೇಕಾದ ಬಿಸಿಯನ್ನು ಮೂರರಿಂದ ಗುಣಿಸಿ, ಅದರಲ್ಲಿ ಕೋಣೆಯ ಬಿಸಿಯನ್ನೂ ಕಲಸುವ ಮುಂಚಿನ ಒಣ ಹಿಟ್ಟಿನ ಬಿಸಿಯನ್ನೂ ಕಳೆಯುವುದು. 75ರಲ್ಲಿ 18 ಮತ್ತು 18 ಕಳೆದರೆ ಉಳಿಯಿತು 39. ಅಂದರೆ ನೀರು ಕೈಗೆ ಚೆನ್ನಾಗಿ ಬೆಚ್ಚಗೆ ಹತ್ತಬೇಕು, ಸುಡಬಾರದು. ಕೋಣೆ 28 ಡಿಗ್ರಿ ಇರುವ ಬೇಸಿಗೆಯಲ್ಲಿ ಇದೇ ಲೆಕ್ಕ 19ಕ್ಕೆ ಬಂದು ನಿಲ್ಲುತ್ತದೆ, ತಣ್ಣೀರು. ಅಡುಗೆ ಪುಸ್ತಕಗಳು ಮಾತ್ರ ವರ್ಷವಿಡೀ "ಉಗುರುಬೆಚ್ಚಗಿನ ನೀರು" ಅಂತ ಒಂದೇ ಮಾತು ಬರೆದು ಕೈತೊಳೆದುಕೊಳ್ಳುತ್ತವೆ.

ನಾದಿದ ಹಿಟ್ಟನ್ನು ಗಾಜಿನ ಜಾಡಿಗೆ ಹಾಕಿ, ಅದರ ಮಟ್ಟಕ್ಕೆ ಸರಿಯಾಗಿ ಹೊರಗಡೆಯಿಂದ ಒಂದು ರಬ್ಬರ್ ಬ್ಯಾಂಡ್ ಸುತ್ತಿದೆ. ಒಂದು ಗಂಟೆಯಾದರೂ ಹಿಟ್ಟು ಬ್ಯಾಂಡ್ ದಾಟಿ ಎರಡು ಬೆರಳೂ ಏರಿರಲಿಲ್ಲ. ಮಗಳು ಬಂದು ಜಾಡಿಗೆ ಮೂಗು ಒತ್ತಿ ನೋಡಿದಳು.

"ಅಪ್ಪ, ಇದು ಸತ್ತೋಗಿದ್ಯಾ?"

"ಇಲ್ಲ ಪುಟ್ಟಿ, ಚಳಿಗೆ ನಿಧಾನ ಆಗಿದೆ ಅಷ್ಟೇ."

ಜಾಡಿಯನ್ನು ಬೆಳಕಿಗೆ ಹಿಡಿದು ಅಡಿಭಾಗ ತೋರಿಸಿದೆ. ಗಾಜಿಗೆ ಒತ್ತಿಕೊಂಡಂತೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು, ನಡುನಡುವೆ ಒಂದೊಂದು ದೊಡ್ಡದು. ದೊಡ್ಡದರ ಗೋಡೆ ಎಷ್ಟು ತೆಳ್ಳಗಿತ್ತೆಂದರೆ ಆಚೆಯ ಗುಳ್ಳೆ ಕಾಣುತ್ತಿತ್ತು. ಒಳಗೆ ಕೆಲಸ ನಡೆಯುತ್ತಿದೆ ಅನ್ನುವುದಕ್ಕೆ ಇನ್ನೇನು ಬೇಕು? ಎಂಟು ಹತ್ತು ಡಿಗ್ರಿ ಇಳಿದರೆ ಯೀಸ್ಟಿನ ವೇಗ ಹತ್ತಿರ ಹತ್ತಿರ ಅರ್ಧಕ್ಕೆ ಬರುತ್ತದೆ. ಓವನ್ನಿನ ಒಳದೀಪ ಮಾತ್ರ ಹಾಕಿ ಅದರೊಳಗಿಟ್ಟರೆ ಬೇಗ ಉಬ್ಬುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ನಿಜವೂ ಹೌದು. ನನಗೆ ಆ ಅವಸರ ಇಷ್ಟವಿಲ್ಲ. ನಿಧಾನಕ್ಕೆ ಉಬ್ಬಿದ ಹಿಟ್ಟಿನಲ್ಲಿ ಹುಳಿಯೂ ಪರಿಮಳವೂ ಸೇರಿಕೊಳ್ಳುವುದಕ್ಕೆ ಹೊತ್ತು ಸಿಗುತ್ತದೆ, ತಿನ್ನುವಾಗ ಅದು ಗೊತ್ತಾಗುತ್ತದೆ. ಮನೆಯಲ್ಲಿ ಹಸಿದು ಕೂತವರಿಗೆ ಈ ಮಾತು ರುಚಿಸುವುದಿಲ್ಲ ಅನ್ನುವುದು ಬೇರೆ ವಿಷಯ.

ಅಷ್ಟರಲ್ಲಿ ನನ್ನ ಹೆಂಡತಿ ಚಕ್ಕೆ ಪುಡಿಯ ಡಬ್ಬಿ ಹಿಡಿದು ಬಂದಳು. "ಅದಕ್ಕೇ ಒಂದೆರಡು ಚಮಚ ಇದನ್ನ ಹಾಕಿಬಿಡಿ. ಈ ಹವಾಕ್ಕೆ ಚಕ್ಕೆ ವಾಸನೆ ಬಂದ್ರೇ ಚೆಂದ."

"ಚಕ್ಕೆ ಜಾಸ್ತಿ ಬಿದ್ರೆ ಯೀಸ್ಟ್ ಮಲಗಿಬಿಡುತ್ತೆ ಕಣೇ. ಮೊದಲೇ ನಿಧಾನ."

ಇದು ನೆಪವಲ್ಲ. ಚಕ್ಕೆಗೆ ಆ ಘಮ ಕೊಡುವ ಅಂಶವೇ ಯೀಸ್ಟಿನ ಕೈ ಕಟ್ಟುತ್ತದೆ. ಚಕ್ಕೆ ಬ್ರೆಡ್ ಮಾಡುವವರು ಅದನ್ನು ಹಿಟ್ಟಿಗೆ ಕಲಸದೆ, ಬೆಣ್ಣೆ ಸಕ್ಕರೆಯ ಜೊತೆ ಒಳಗೆ ಸವರಿ ಸುರುಳಿ ಸುತ್ತುವುದರಲ್ಲಿ ಅರ್ಥವಿದೆ. ಇವಳಿಗೆ ಅದು ಅಷ್ಟಾಗಿ ಒಪ್ಪಿಗೆಯಾಗಲಿಲ್ಲ, ಡಬ್ಬಿಯನ್ನು ಸದ್ದಾಗುವಂತೆಯೇ ಇಟ್ಟು ಹೋದಳು.

ಬ್ರೆಡ್ಡಿಗೆ ತೊಡಕಾದ ಇದೇ ಚಳಿ ಪೈ ಹಿಟ್ಟಿಗೆ ವರ. ಬೇಸಿಗೆಯಲ್ಲಿ ಪೈ ಮಾಡುವುದೆಂದರೆ ಫ್ರಿಜ್ಜಿಗೂ ಮಣೆಗೂ ಓಡಾಡುವ ಕೆಲಸ; ಬೆಣ್ಣೆ ಬೆರಳಿನ ಬಿಸಿಗೇ ಕರಗಿ ಹಿಟ್ಟಿನಲ್ಲಿ ಸೇರಿಹೋಗುತ್ತದೆ. ಬೆಣ್ಣೆ ಸೇರಿಹೋಗಬಾರದು, ಚಪ್ಪಟೆ ಚೂರಾಗಿ ಅಲ್ಲಲ್ಲೇ ಉಳಿಯಬೇಕು. ಓವನ್ನಿನಲ್ಲಿ ಆ ಚೂರು ಕರಗಿ, ಅದರೊಳಗಿನ ನೀರು ಆವಿಯಾಗಿ ಹಿಟ್ಟನ್ನು ಎತ್ತಿದಾಗಲೇ ಪದರ ಬಿಡುವುದು. ಆವತ್ತು 250 ಗ್ರಾಂ ಮೈದಾಕ್ಕೆ 150 ಗ್ರಾಂ ಬೆಣ್ಣೆ ಹಾಕಿ ಬೆರಳ ತುದಿಯಲ್ಲಿ ಉಜ್ಜಿದೆ. ನಾಲ್ಕೈದು ಚಮಚ ಐಸ್ ನೀರು ಚಿಮುಕಿಸಿ ಮುದ್ದೆ ಕಟ್ಟುವವರೆಗೂ ಬೆಣ್ಣೆ ಹೇಳಿದ ಮಾತು ಕೇಳಿತು. ಲಟ್ಟಿಸುವಾಗ ಹಾಳೆಯ ಮೇಲೆ ಅಲ್ಲಲ್ಲಿ ಹಳದಿ ಮಚ್ಚೆ ಕಂಡರೆ ಹದ ಸರಿ ಬಂದಿದೆ ಎಂದರ್ಥ.

ಸೇಬಿನ ವಿಷಯಕ್ಕೆ ನಮ್ಮ ಮನೆಯಲ್ಲಿ ಒಂದು ನಿಯಮವಿದೆ, ಅದನ್ನು ಕ್ಯಾರೆಟ್ಟಿನ ಜೊತೆ ಇಡುವ ಹಾಗಿಲ್ಲ. ಸೇಬು ಬಿಡುವ ಎಥಿಲೀನ್ ಅನಿಲಕ್ಕೆ ಕ್ಯಾರೆಟ್ ಕಹಿಯಾಗುತ್ತದೆ. ಪೈಗೆ ನಾನು ಆರಿಸಿದ್ದು ಬುಟ್ಟಿಯಲ್ಲಿದ್ದ ಹುಳಿ ಜಾಸ್ತಿಯಿರುವ, ಗಟ್ಟಿ ಸೇಬು. ಮಗಳು ಕತ್ತರಿಸಿದ ಹೋಳೊಂದನ್ನು ನೀರಿನ ಬಟ್ಟಲಿಗೆ ಬಿಟ್ಟಳು, ತೇಲಿತು. ಒತ್ತಿ ಮುಳುಗಿಸಿದಳು, ಮತ್ತೆ ಮೇಲೆ ಬಂತು. ಸೇಬಿನ ಗಾತ್ರದಲ್ಲಿ ಸುಮಾರು ಕಾಲುಭಾಗ ಬರೀ ಗಾಳಿ ಅಂದರೆ ಅವಳು ನಂಬಲು ತಯಾರಿಲ್ಲ. ಹಸಿ ಹೋಳು ತುಂಬಿದ ಪೈಯಲ್ಲಿ ಮೇಲಿನ ಮುಚ್ಚಳ ಎತ್ತರಕ್ಕೆ ನಿಂತು, ಸೇಬು ಮಾತ್ರ ಕುಸಿದು ನಡುವೆ ಗುಹೆ ಬೀಳುವುದಕ್ಕೆ ಈ ಗಾಳಿಯೂ ಒಂದು ಕಾರಣ, ಸೇಬು ಬಿಡುವ ನೀರು ಇನ್ನೊಂದು.

ಹಾಗಾಗಿ ಒಂದು ಕಿಲೋ ಸೇಬಿನ ಹೋಳುಗಳಿಗೆ 100 ಗ್ರಾಂ ಸಕ್ಕರೆ, ಅರ್ಧ ನಿಂಬೆಯ ರಸ, ಚಿಟಿಕೆ ಉಪ್ಪು ಸವರಿ ಪಕ್ಕಕ್ಕಿಟ್ಟೆ. ನಿಂಬೆ ರಸ ಸೇಬಿನ ಹೋಳು ಕಪ್ಪಾಗದಂತೆ ತಡೆಯುತ್ತದೆ, ಸಕ್ಕರೆ ಒಳಗಿನ ನೀರನ್ನು ಹೊರಗೆಳೆಯುತ್ತದೆ. ಗಂಟೆ ಕಳೆಯುವಷ್ಟರಲ್ಲಿ ಬಟ್ಟಲಿನ ತಳದಲ್ಲಿ ಒಳ್ಳೇ ರಸ ನಿಂತಿತ್ತು. ಅದನ್ನು ಬಸಿದು ಸಣ್ಣ ಪಾತ್ರೆಯಲ್ಲಿ ಕುದಿಸಿದೆ. ಮೊದಲು ನೊರೆ ಚಿಕ್ಕದಾಗಿ ಗಡಿಬಿಡಿಯಿಂದ ಏಳುತ್ತಿತ್ತು, ಆಮೇಲೆ ಗುಳ್ಳೆ ದೊಡ್ಡದಾಗಿ, ಸೋಮಾರಿಯಾಗಿ ಒಡೆಯತೊಡಗಿತು. ಚಮಚದ ಬೆನ್ನಿಗೆ ಅಂಟುವ ಪಾಕವಾಯಿತು. ಅದನ್ನು ಮತ್ತೆ ಹೋಳಿಗೇ ಸುರಿದು, ಒಂದು ಚಮಚ ಮೆಕ್ಕೆಜೋಳದ ಪಿಷ್ಟ, ಇವಳು ಇಟ್ಟುಹೋದ ಡಬ್ಬಿಯಿಂದ ಚಕ್ಕೆ ಪುಡಿ ಬೆರೆಸಿದೆ. ನಾನು ಚಕ್ಕೆ ಕಡಿಮೆ ಹಾಕುವವನು. ಸೇಬಿನ ಪರಿಮಳ ಹುಡುಕಿದರೂ ಸಿಗದ ಸೇಬಿನ ಪೈ ಯಾಕೆ ಬೇಕು?

ಹಿಟ್ಟು ಕೊನೆಗೂ ಎರಡರಷ್ಟಾಯಿತು. ಉಂಡೆ ಕಟ್ಟಿ ಬಟ್ಟೆ ಮುಚ್ಚಿಟ್ಟು, ಓವನ್ನನ್ನು ಒಳಗೊಂದು ದಪ್ಪ ತಳದ ಪಾತ್ರೆಯ ಸಮೇತ 230ಕ್ಕೆ ಕಾಯಿಸಿದೆ. ಕಾದ ಪಾತ್ರೆಗೆ ಉಂಡೆ ಇಳಿಸಿ, ಮೇಲೆ ಬ್ಲೇಡಿನಿಂದ ಒಂದು ಗೀರು ಹಾಕಿ ಮುಚ್ಚಳ ಮುಚ್ಚಿದೆ. ಮೊದಲ 20 ನಿಮಿಷ ಹಿಟ್ಟಿನದೇ ಆವಿ ಒಳಗೆ ನಿಂತು ಮೇಲ್ಮೈ ಮೆತ್ತಗಿರುತ್ತದೆ, ಅಷ್ಟರಲ್ಲಿ ಉಬ್ಬುವುದೆಲ್ಲ ಉಬ್ಬಿಬಿಡಬೇಕು. ಆಮೇಲೆ ಮುಚ್ಚಳ ತೆಗೆದು ಇನ್ನೊಂದು 20 ನಿಮಿಷ, ಬಣ್ಣಕ್ಕೆ. ಬ್ರೆಡ್ಡಿನ ಒಳಗೆ 96 ಡಿಗ್ರಿ ತೋರಿಸಿತು. ಮಗಳಿಗೆ ಆ ಸಂಖ್ಯೆ ಬೇಡ, ಅಡಿಗೆ ಬೆರಳಿನಿಂದ ತಟ್ಟಿ ಪೊಳ್ಳು ಸದ್ದು ಕೇಳಿಸಿಕೊಂಡ ಮೇಲೇ ಅವಳ ಲೆಕ್ಕದಲ್ಲಿ ಬ್ರೆಡ್ ಬೆಂದದ್ದು. ಹೊರಗಿಟ್ಟ ಮೇಲೆ ಸಿಪ್ಪೆ ಚಿಟಚಿಟ ಅನ್ನತೊಡಗಿತು. ತಣಿಯುವಾಗ ಗಟ್ಟಿ ಸಿಪ್ಪೆ ಕುಗ್ಗಿ ಬಿರಿಯುವ ಸದ್ದದು.

ಅದೇ ಉಸಿರಿಗೆ 200ಕ್ಕೆ ಇಳಿಸಿ ಕುಂಬಳ ಒಳಗಿಟ್ಟೆ. ಕುಂಬಳ ಕತ್ತರಿಸುವುದು ಮಾತ್ರ ನನಗೆ ಇವತ್ತಿಗೂ ಬೇಸರದ ಕೆಲಸ, ಉರುಳುವ ಕಾಯಿಗೆ ಚಾಕು ಹಾಕುವುದೆಂದರೆ ಕೈಗೆ ಅಪಾಯ. ಮೊದಲು ಅಡಿಯಲ್ಲಿ ಒಂದು ಬಿಲ್ಲೆ ಕತ್ತರಿಸಿ ಮಟ್ಟಸವಾಗಿ ಕೂರಿಸಬೇಕು, ಆಮೇಲೆ ಸೀಳಬೇಕು. ಸಿಪ್ಪೆ ಹೆರೆಯುವ ಗೋಜಿಗೆ ಹೋಗಲೇಬಾರದು, ಬೆಂದ ಮೇಲೆ ಚಮಚದಲ್ಲಿ ತಿರುಳು ಬಳಿದರೆ ಸಾಕು. ಕುಂಬಳದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಅಂಥದ್ದನ್ನು ಮತ್ತೆ ನೀರಿನಲ್ಲಿ ಬೇಯಿಸಿ ಸಪ್ಪೆ ಸೂಪ್ ಮಾಡಿ, ಅದರ ಮೇಲೆ ಕ್ರೀಮ್ ಸುರಿದು ರುಚಿ ತರಲು ಹೆಣಗುವುದು ನನಗೆ ಅರ್ಥವಾಗದ ಸಂಗತಿ. ಒಣ ಬಿಸಿಯಲ್ಲಿ ನೀರು ಹಾರಿ, ಅಂಚು ಕಂದಾದ ಹೋಳುಗಳಿಗೆ ಕ್ರೀಮ್ ಬೇಕಾಗುವುದೇ ಇಲ್ಲ.

"ಏನ್ರೀ, ಮಧ್ಯಾಹ್ನದ್ದು ಸಂಜೆಗಾ?" ಅಂತ ಇವಳು ಕೇಳುವ ಹೊತ್ತಿಗೆ ಒಂದೂಕಾಲು. ಹುರಿದ ಈರುಳ್ಳಿ, ತರಕಾರಿ ಬೇಯಿಸಿದ ನೀರು, ಕುಂಬಳದ ತಿರುಳು ರುಬ್ಬಿ, ಮೇಲೆ ಜಾಯಿಕಾಯಿ ತುರಿದೆ. ಬ್ರೆಡ್ ಪೂರ್ತಿ ಆರುವವರೆಗೆ ಕತ್ತರಿಸಬಾರದು, ಒಳಗಿನ ತಿರುಳು ಆಗಷ್ಟೇ ಗಟ್ಟಿಯಾಗುತ್ತಿರುತ್ತದೆ ಅಂತ ನಾನು ವಿವರಿಸುತ್ತಿದ್ದೆ. ಅಮ್ಮ ಮಗಳು ಆಗಲೇ ಮೊದಲ ಹೋಳು ಕತ್ತರಿಸಿಯಾಗಿತ್ತು.

ಪೈ ಅಷ್ಟರಲ್ಲಿ 190ರಲ್ಲಿ ಬೇಯುತ್ತಿತ್ತು. ಅದನ್ನು ಇಟ್ಟದ್ದು ಒಳಗೇ ಕಾದಿದ್ದ ಟ್ರೇ ಮೇಲೆ, ತಳದ ಹಿಟ್ಟು ಹಸಿಯಾಗಿ ಉಳಿಯಬಾರದಲ್ಲ. ಅದು ಹೊರಗೆ ಬಂದ ಮೇಲೆ 150ಕ್ಕೆ ಕಾಳಿನ ಸರದಿ. ಈ ಕಾಳನ್ನು ನೇರವಾಗಿ ಓವನ್ನಿಗೆ ತಳ್ಳುವ ಹಾಗಿಲ್ಲ. ಹಸಿ ಕೆಂಪು ಬೀನ್ಸಿನಲ್ಲಿ ಹೊಟ್ಟೆ ಕೆಡಿಸುವ ವಿಷದ ಅಂಶವಿದೆ, ಸಣ್ಣ ಬಿಸಿಗೆ ಅದು ಬಗ್ಗುವುದಿಲ್ಲ. ನೆನೆದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಒಲೆಯ ಮೇಲೆ ಕನಿಷ್ಠ 10 ನಿಮಿಷ ಬಿಡದೆ ತಕಪಕ ಕುದಿಸಲೇಬೇಕು. ಹಾಗೆ ಕುದಿಸಿ, ಟೊಮ್ಯಾಟೊ, ಬೆಳ್ಳುಳ್ಳಿ ಹಾಕಿ ಮುಚ್ಚಳ ಹಾಕಿಟ್ಟ ಪಾತ್ರೆ ಎರಡು ಗಂಟೆ ಒಳಗೆ ಕೂತಿತ್ತು. ಬೆಳ್ಳುಳ್ಳಿಯದನ್ನು ಪೈ ಜೊತೆ ಇಡದೇ ಇದ್ದದ್ದಕ್ಕೆ ಬೇರೆ ಕಾರಣ ಹೇಳಬೇಕಿಲ್ಲ. ಸೋಮವಾರ, ಮಂಗಳವಾರದ ಡಬ್ಬಿಗೆ ಆ ಕಾಳು. ಉಳಿದ ಅರ್ಧ ಕುಂಬಳದ ಬೀಜ ಬಳಿದು, ಸುತ್ತಿ ಫ್ರಿಜ್ಜಿನಲ್ಲಿಟ್ಟೆ. ಇಡೀ ಕಾಯಿ ತಂಪಾದ ಒಣ ಜಾಗದಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಚಾಕು ಬಿದ್ದ ಮೇಲೆ ನಾಲ್ಕೈದು ದಿನವಷ್ಟೇ.

ಸಂಜೆಯವರೆಗೂ ಪೈ ಮುಟ್ಟಲು ಬಿಡಲಿಲ್ಲ. ಬಿಸಿಯಲ್ಲಿ ಕತ್ತರಿಸಿದರೆ ಪಾಕ ತಟ್ಟೆಯ ತುಂಬ ಹರಿಯುತ್ತದೆ, ಆರಿದರೆ ಪಿಷ್ಟ ಅದನ್ನು ಹಿಡಿದುಕೊಳ್ಳುತ್ತದೆ. ತುಂಡು ನೆಟ್ಟಗೆ ನಿಂತಿತು, ಮುಚ್ಚಳಕ್ಕೂ ಸೇಬಿಗೂ ನಡುವೆ ಗುಹೆ ಇರಲಿಲ್ಲ. ಮಗಳು ಅಂಚಿನ ಗರಿಗರಿ ಭಾಗ ಮಾತ್ರ ಮುರಿದು ತಿಂದಳು. ಇವಳು ಎರಡನೇ ತುಂಡು ಹಾಕಿಸಿಕೊಳ್ಳುತ್ತಲೇ ಹೇಳಿದಳು:

"ಚೆನ್ನಾಗಿದೆ. ಚಕ್ಕೆ ಸಾಲದು."

ಬರುವ ಭಾನುವಾರ ಸುರುಳಿ ಬ್ರೆಡ್ಡೇ ಆಗಬೇಕಂತೆ. ಚಕ್ಕೆಯ ಅಳತೆ ಅವಳದಂತೆ, ನಾನು ಹಿಟ್ಟು ನಾದಿಕೊಟ್ಟು ಸುಮ್ಮನಿರಬೇಕಂತೆ.