ಬಾಯಿಪಾಠವಾದ ನಂಬಿಕೆ

ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ, ಸರ್ಕಾರದ ಕಾನೂನು ನೆರವಿನಿಂದ ನಡೆಯುವ ಒಂದು ಸಣ್ಣ ವಕೀಲರ ಕಚೇರಿಯಲ್ಲಿ ನಾನು ಆಶ್ರಯ ಕೋರಿ ಬಂದವರ ಪ್ರಕರಣಗಳನ್ನು ನೋಡಿಕೊಳ್ಳುತ್ತೇನೆ. ನನ್ನ ಕಕ್ಷಿದಾರರಲ್ಲಿ ಇರಾನಿನವರು ಹೆಚ್ಚು. ಅವರಲ್ಲಿ ಹಲವರು ಮುಸ್ಲಿಮರಾಗಿ ಹುಟ್ಟಿ ಕ್ರೈಸ್ತರಾದವರು. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನನ್ನ ಮೇಜಿನ ಖಾನೆಯಲ್ಲಿ ಸದಾ ಒಂದು ಹಾಳೆ ಇರುತ್ತಿತ್ತು. ಅದರಲ್ಲಿ ನಲವತ್ತು ಪ್ರಶ್ನೆಗಳು, ನಲವತ್ತು ಉತ್ತರಗಳು. ಹತ್ತು ಆಜ್ಞೆಗಳು ಯಾವುವು, ಯೇಸುವಿನ ಹನ್ನೆರಡು ಶಿಷ್ಯರ ಹೆಸರೇನು, ಲೆಂಟ್ ಉಪವಾಸ ಎಷ್ಟು ದಿನ, ಈಸ್ಟರ್ ಯಾವುದರ ನೆನಪು. ಗೃಹ ಇಲಾಖೆಯ ಅಧಿಕಾರಿಗಳು ನಡೆಸುವ ಸಂದರ್ಶನಕ್ಕೆ ಹೋಗುವ ಪ್ರತಿಯೊಬ್ಬರಿಗೂ ಅದರ ಒಂದು ಪ್ರತಿ ಕೊಟ್ಟು, ಚೆನ್ನಾಗಿ ಓದಿಕೊಂಡು ಬನ್ನಿ ಎನ್ನುತ್ತಿದ್ದೆ.

ಕಾರಣವಿಲ್ಲದೆ ಮಾಡಿದ ಹಾಳೆಯಲ್ಲ ಅದು. ಆಶ್ರಯ ಸಂದರ್ಶನಗಳಲ್ಲಿ ನಂಬಿಕೆಯನ್ನು ಅಳೆಯಲು ಬೈಬಲ್ಲಿನ ರಸಪ್ರಶ್ನೆಗಳನ್ನು ಕೇಳುತ್ತಾರೆ ಎಂದು ಬ್ರಿಟಿಷ್ ಸಂಸತ್ ಸದಸ್ಯರ ಗುಂಪೊಂದು 2016ರಲ್ಲಿ ವರದಿ ಕೊಟ್ಟಿತ್ತು. ಎಸ್‌ಎಸ್‌ಎಲ್‌ಸಿಗೆ ಗೈಡ್ ಓದಿ ಬೆಳೆದವಳು ನಾನು. ಪರೀಕ್ಷೆ ಇದೆಯೆಂದರೆ ಪ್ರಶ್ನೋತ್ತರ ತಯಾರಿಸುವುದು ನನಗೆ ಸಹಜವಾಗಿ ಕಂಡಿತು. ಆ ಹಾಳೆಯಿಂದ ಒಬ್ಬ ಮನುಷ್ಯನ ಪ್ರಕರಣವನ್ನು ನಾನೇ ಹೇಗೆ ಕೆಡಿಸಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಮೊದಲು ಕಾನೂನಿನ ಮಾತು. 1951ರ ನಿರಾಶ್ರಿತರ ಒಪ್ಪಂದದಲ್ಲಿ ರಕ್ಷಣೆಗೆ ಐದು ಆಧಾರಗಳಿವೆ: ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ. ಇರಾನಿನ ಸಂವಿಧಾನದ 13ನೇ ವಿಧಿ ಜರತುಷ್ಟ್ರ ಧರ್ಮದವರನ್ನು, ಯಹೂದಿಗಳನ್ನು, ಕ್ರೈಸ್ತರನ್ನು ಅಲ್ಪಸಂಖ್ಯಾತರೆಂದು ಒಪ್ಪುತ್ತದೆ. ಆದರೆ ಅಲ್ಲಿ ಕ್ರೈಸ್ತರೆಂದರೆ ಅರ್ಮೇನಿಯನ್ನರು, ಅಸಿರಿಯನ್ನರು, ಅಂದರೆ ಹುಟ್ಟಿನಿಂದ ಕ್ರೈಸ್ತರಾದವರು. ಮತಾಂತರಗೊಂಡವರಿಗೆ ಆ ಮನ್ನಣೆ ಇಲ್ಲ. ಧರ್ಮತ್ಯಾಗಕ್ಕೆ ಶಿಕ್ಷೆ ದಂಡಸಂಹಿತೆಯಲ್ಲಿ ಬರೆದಿಲ್ಲ. ಆದರೆ ಕಾನೂನಿನಲ್ಲಿ ಉತ್ತರ ಸಿಗದಿದ್ದರೆ ಇಸ್ಲಾಮಿನ ಮೂಲಗಳನ್ನು ನೋಡಿ ತೀರ್ಪು ಕೊಡಬೇಕೆಂದು 167ನೇ ವಿಧಿ ನ್ಯಾಯಾಧೀಶರಿಗೆ ಹೇಳುತ್ತದೆ. 1990ರಲ್ಲಿ ಪಾದ್ರಿ ಹುಸೇನ್ ಸೂದ್‌ಮಂದ್ ಅವರನ್ನು ಗಲ್ಲಿಗೇರಿಸಿದರು. 2010ರಲ್ಲಿ ಇನ್ನೊಬ್ಬ ಪಾದ್ರಿ ಯೂಸೆಫ್ ನದರ್‌ಖಾನಿ ಅವರಿಗೆ ಮರಣದಂಡನೆ ವಿಧಿಸಿ, ಜಗತ್ತಿನ ಒತ್ತಡ ಹೆಚ್ಚಿದ ಮೇಲೆ 2012ರಲ್ಲಿ ಬಿಡುಗಡೆ ಮಾಡಿದರು. ಈಗ ಹೆಚ್ಚಾಗಿ ರಾಷ್ಟ್ರೀಯ ಭದ್ರತೆಗೆ ಧಕ್ಕೆ ಎಂಬ ಆರೋಪ ಹೊರಿಸಿ ವರ್ಷಗಟ್ಟಲೆ ಜೈಲಿಗೆ ಹಾಕುತ್ತಾರೆ. ಹಾಗಾಗಿ ಜನ ಮನೆಗಳಲ್ಲಿ ಗುಟ್ಟಾಗಿ ಸೇರುತ್ತಾರೆ. ಫಾರ್ಸಿಯಲ್ಲಿ ಅದಕ್ಕೆ ‘ಕೆಲೀಸಾ-ಯೆ ಖಾನೆಗಿ’ ಎನ್ನುತ್ತಾರೆ. ದವಾಖಾನೆ, ಕಾರ್ಖಾನೆ ಎನ್ನುವ ನಮಗೆ ಆ ‘ಖಾನೆ’ ಗುರುತು ಸಿಗುತ್ತದೆ: ಮನೆಯ ಚರ್ಚು.

ನನ್ನ ಈ ಕಕ್ಷಿದಾರರು ಟೆಹರಾನ್ ಬಳಿಯ ಕರಜ್ ನಗರದವರು. ಮನೆಗಳಿಗೆ ಟೈಲ್ಸ್ ಹಾಕುವ ಕೆಲಸ. ಐವತ್ತರ ಹತ್ತಿರದ ವಯಸ್ಸು, ಸಿಮೆಂಟ್ ತಿಂದು ಒರಟಾದ ಬೆರಳುಗಳು, ಮಾತು ಕಡಿಮೆ. ಅಂಥ ಮನೆ ಚರ್ಚಿನ ಮೇಲೆ ದಾಳಿಯಾದಾಗ ಅವರು ಅಲ್ಲಿರಲಿಲ್ಲ. ಸುದ್ದಿ ತಿಳಿದವರೇ ದೇಶ ಬಿಟ್ಟರು. 2019ರಲ್ಲಿ ಇಲ್ಲಿ ಅರ್ಜಿ ಹಾಕಿದರು. ನಾನು ಹಾಳೆ ಕೊಟ್ಟೆ. ಆರು ವಾರ ಓದಿದರು. ಕಚೇರಿಗೆ ಬಂದಾಗಲೆಲ್ಲ ನಾನು ಕೇಳುತ್ತಿದ್ದೆ, ಅವರು ಕಣ್ಣು ಮುಚ್ಚಿಕೊಂಡು ಒಪ್ಪಿಸುತ್ತಿದ್ದರು. ನಲವತ್ತಕ್ಕೆ ನಲವತ್ತು ಬಂದ ದಿನ ನನಗೆ ನೆಮ್ಮದಿಯಾಯಿತು. ಜೊತೆಗೆ ಇನ್ನೊಂದು ಬುದ್ಧಿಮಾತನ್ನೂ ಹೇಳಿದ್ದೆ. ನಿಮ್ಮನ್ನು ಕೆಟ್ಟವರೆಂದು ತೋರಿಸುವ ಯಾವ ಸಂಗತಿಯನ್ನೂ ಸಂದರ್ಶನದಲ್ಲಿ ಎತ್ತಬೇಡಿ ಎಂದು.

ಸಂದರ್ಶನ ನಾಲ್ಕು ಗಂಟೆ ನಡೆಯಿತು. ಹನ್ನೆರಡು ಶಿಷ್ಯರ ಹೆಸರನ್ನು ಯಾರೂ ಕೇಳಲಿಲ್ಲ. ಕ್ರೈಸ್ತರಾದ ಮೇಲೆ ನಿಮ್ಮ ಬದುಕಿನಲ್ಲಿ ಏನು ಬದಲಾಯಿತು ಎಂದು ಕೇಳಿದರು. ‘ಯೇಸು ನನ್ನ ಪಾಪಗಳಿಗಾಗಿ ಶಿಲುಬೆಯ ಮೇಲೆ ಪ್ರಾಣಕೊಟ್ಟನು, ಮೂರನೆಯ ದಿನ ಎದ್ದನು, ನನಗೆ ಶಾಂತಿ ಸಿಕ್ಕಿದೆ’ ಎಂದರು. ಅದು ಹಾಳೆಯ ಹದಿನೇಳನೆಯ ಉತ್ತರ. ಅದೇ ಪ್ರಶ್ನೆಯನ್ನು ಮೂರು ಬಗೆಯಲ್ಲಿ ತಿರುಗಿಸಿ ಕೇಳಿದರು. ಮೂರು ಸಲವೂ ಅದೇ ಉತ್ತರ, ಅದೇ ಪದಗಳಲ್ಲಿ. ಅರ್ಜಿ ತಿರಸ್ಕಾರವಾಯಿತು. ಕಂಠಪಾಠ ಮಾಡಿದ ಉತ್ತರಗಳು, ಸ್ವಂತ ಅನುಭವ ಕಾಣುವುದಿಲ್ಲ ಎಂದು ಪತ್ರದಲ್ಲಿತ್ತು. ಆ ವಾಕ್ಯ ಓದಿ ನನಗೆ ಸಿಟ್ಟು ಬರಲಿಲ್ಲ, ಹೊಟ್ಟೆಯಲ್ಲಿ ಸಂಕಟವಾಯಿತು. ಬರೆದವರು ಹೇಳಿದ್ದು ನಿಜ. ಕಂಠಪಾಠ ಮಾಡಿಸಿದ್ದವಳು ನಾನು.

ಕಡತವನ್ನು ಮತ್ತೆ ಬಿಚ್ಚಿದಾಗ ಇನ್ನೊಂದು ತಪ್ಪು ಸಿಕ್ಕಿತು. ಈಸ್ಟರಿಗೆ ಇರಾನಿನವರು ‘ಈದ್-ಎ ಪಾಕ್’ ಎನ್ನುತ್ತಾರೆ; ಅಲ್ಲಿ ‘ಈದ್’ ಅಂದರೆ ಹಬ್ಬ. ದುಭಾಷಿ ಅದನ್ನು ‘ಪವಿತ್ರ ಈದ್’ ಎಂದು ಅನುವಾದಿಸಿದ್ದರು. ಕ್ರೈಸ್ತನಾದವನು ಈದ್ ಆಚರಿಸಿದನೆಂದು ದಾಖಲಾಗಿತ್ತು. ದೀಕ್ಷಾಸ್ನಾನಕ್ಕೆ ಫಾರ್ಸಿಯಲ್ಲಿ ‘ಘುಸ್ಲ್-ಎ ತಅಮೀದ್’. ‘ಘುಸ್ಲ್’ ಅಂದರೆ ಸ್ನಾನ. ಕನ್ನಡದ ದೀಕ್ಷಾಸ್ನಾನ ಎಂಬ ಮಾತಿನಿಂದ ದೀಕ್ಷೆಯನ್ನು ತೆಗೆದುಹಾಕಿದರೆ ಏನು ಉಳಿಯುತ್ತದೆಯೋ ಅದೇ ಇಂಗ್ಲಿಷಿನಲ್ಲಿ ಉಳಿದಿತ್ತು. ಪವಿತ್ರಾತ್ಮಕ್ಕೆ ಅವರು ಹೇಳುವ ‘ರೂಹುಲ್ ಕುದುಸ್’ ಎಂಬ ಮಾತಿಗೆ ಮುಸ್ಲಿಂ ಸಂಪ್ರದಾಯದಲ್ಲಿ ಜಿಬ್ರೀಲ್ ದೇವದೂತನೆಂಬ ಅರ್ಥವಿದೆ. ದಾಖಲೆಯಲ್ಲಿ ‘ದೇವದೂತ’ ಎಂದೇ ಇತ್ತು. ಸಂದರ್ಶನದ ದಾಖಲೆಗೆ ತಿದ್ದುಪಡಿ ಕಳಿಸಲು ಐದು ಕೆಲಸದ ದಿನಗಳ ಅವಕಾಶವಿರುತ್ತದೆ. ಆ ವಾರ ಕೆಲಸ ಹೆಚ್ಚಿತ್ತೆಂದು ನಾನು ಅವರ ಜೊತೆ ಕೂತು ಓದಿರಲಿಲ್ಲ.

ಮೇಲ್ಮನವಿ ಹಾಕಲು ಹದಿನಾಲ್ಕು ದಿನ. ಹಾಕಿದೆವು. ಆಮೇಲೆ ಸಾಕ್ಷಿ ಹೇಳಿಕೆಯನ್ನು ಮೊದಲಿನಿಂದ ಬರೆಯಬೇಕಾಯಿತು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ 2004ರ ಏಪ್ರಿಲ್‌ನಲ್ಲಿ ಧರ್ಮದ ಆಧಾರದ ಅರ್ಜಿಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತ್ತು. ಧರ್ಮಜ್ಞಾನವನ್ನು ವಿಸ್ತಾರವಾಗಿ ಪರೀಕ್ಷಿಸುವುದು ಯಾವಾಗಲೂ ಅಗತ್ಯವಲ್ಲ, ಉಪಯುಕ್ತವೂ ಅಲ್ಲ, ವ್ಯಕ್ತಿ ತನ್ನ ಕಥೆಯನ್ನು ಹೇಳುವಂತೆ ಕೇಳಬೇಕು ಎಂಬುದು ಅದರ ಸಾರ. ಅದನ್ನು ನಾನು ಓದಿದ್ದೆ. ಅಧಿಕಾರಿಗಳು ತಪ್ಪು ಮಾಡಿದಾಗ ಎತ್ತಿ ತೋರಿಸಲು ಓದಿದ್ದೆನೇ ಹೊರತು ನನ್ನ ಸ್ವಂತ ಕೆಲಸಕ್ಕೆ ಅದು ಅನ್ವಯಿಸುತ್ತದೆ ಎಂದು ಹೊಳೆದಿರಲಿಲ್ಲ. ಸಾಗರದಲ್ಲಿದ್ದ ನನ್ನ ಅಜ್ಜಿ ತುಳಸಿಗೆ ನೀರೆರೆಯದೆ ಕಾಫಿ ಕುಡಿದವರಲ್ಲ. ದಶಾವತಾರಗಳನ್ನು ಕ್ರಮವಾಗಿ ಹೇಳಜ್ಜಿ ಎಂದರೆ ಆರೇಳಕ್ಕೆ ನಿಂತುಬಿಡುತ್ತಿದ್ದರು. ಅಜ್ಜಿಯನ್ನು ಬಲ್ಲ ನಾನೇ ಆ ಹಾಳೆಯನ್ನು ಬರೆದೆನಲ್ಲ ಎಂಬ ನೋವು ಈಗಲೂ ಇದೆ.

ನಾಲ್ಕು ದಿನ ಕೂತೆವು. ದುಭಾಷಿಯನ್ನು ಬದಲಿಸಿದೆ, ಫಾರ್ಸಿ ಚರ್ಚಿನ ಮಾತು ಬಲ್ಲವರೊಬ್ಬರು ಸಿಕ್ಕರು. ಮೊದಲ ದಿನ ಹಳೆಯ ಉತ್ತರಗಳೇ ಬಂದವು. ಎರಡನೆಯ ದಿನ ನಾನು ಧರ್ಮದ ಮಾತನ್ನೇ ಬಿಟ್ಟು ಕೆಲಸದ ಬಗ್ಗೆ ಕೇಳಿದೆ. ಟೈಲ್ಸ್ ಹಾಕುವಾಗ ನೆಲದ ಮಟ್ಟ ಹೇಗೆ ನೋಡುತ್ತೀರಿ, ಒಂದು ಮನೆಗೆ ಎಷ್ಟು ದಿನ, ಕೂಲಿಯ ಲೆಕ್ಕ ಹೇಗೆ. ಅವರ ಬೆನ್ನು ನೆಟ್ಟಗಾಯಿತು, ಕೈ ಆಡಿಸಿ ಮಾತಾಡಿದರು. ಮೂರನೆಯ ದಿನ, ಕೇಳದೆಯೇ, ಒಂದು ಸಂಗತಿ ಹೇಳಿದರು. ಒಬ್ಬ ಗಿರಾಕಿಯ ಮನೆಗೆ ಬೇಕಾದ್ದಕ್ಕಿಂತ ಹದಿನಾಲ್ಕು ಪೆಟ್ಟಿಗೆ ಟೈಲ್ಸ್ ಹೆಚ್ಚು ತರಿಸಿ, ಉಳಿದದ್ದನ್ನು ಬೇರೆ ಕಡೆ ಮಾರಿಕೊಂಡಿದ್ದರಂತೆ. ಅವರ ಕಸುಬಿನಲ್ಲಿ ಹಲವರು ಹಾಗೆ ಮಾಡುತ್ತಾರಂತೆ. ಮನೆ ಚರ್ಚಿಗೆ ಹೋಗತೊಡಗಿ ಐದಾರು ತಿಂಗಳಾದ ಮೇಲೆ ಅವರಿಗೆ ನಿದ್ದೆ ಬರಲಿಲ್ಲ. ಆ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು, ಹಣ ವಾಪಸು ಕೊಟ್ಟರು. ಮನೆಯಾತ ಏಕೆ ಎಂದು ಕೇಳಿದ. ಕಾರಣ ಹೇಳಿದರೆ ಪ್ರಾಣಕ್ಕೆ ಅಪಾಯ; ಲೆಕ್ಕ ತಪ್ಪಿತ್ತು ಎಂದಷ್ಟೇ ಹೇಳಿ ಬಂದರು. ‘ಸತ್ಯ ಹೇಳಲು ಹೋಗಿ ಸುಳ್ಳು ಹೇಳಿ ಬಂದೆ. ಅದು ಇನ್ನೂ ನನ್ನನ್ನು ತಿನ್ನುತ್ತಿದೆ’ ಎಂದರು.

ಇದನ್ನು ಸಂದರ್ಶನದಲ್ಲಿ ಏಕೆ ಹೇಳಲಿಲ್ಲ ಎಂದು ಕೇಳಿದೆ.

‘ಖಾನುಮ್, ನಾನು ಕಳ್ಳತನ ಮಾಡಿದ್ದೆನಲ್ಲ. ಕೆಟ್ಟದ್ದು ಏನನ್ನೂ ಹೇಳಬೇಡಿ ಎಂದು ನೀವೇ ಹೇಳಿದ್ದಿರಿ.’

ಏನು ಬದಲಾಯಿತು ಎಂಬ ಪ್ರಶ್ನೆಗೆ ಅದಕ್ಕಿಂತ ನೇರವಾದ ಉತ್ತರ ಇರಲಿಲ್ಲ. ಅದರ ಬಾಯಿ ಮುಚ್ಚಿಸಿದ್ದು ನನ್ನ ಬುದ್ಧಿಮಾತು. ಹೇಳಿಕೆಯಲ್ಲಿ ಆ ಹದಿನಾಲ್ಕು ಪೆಟ್ಟಿಗೆಗಳನ್ನು ಅವರದೇ ಮಾತಿನಲ್ಲಿ ಬರೆದೆ, ಕೊನೆಯ ಸುಳ್ಳನ್ನೂ ಸೇರಿಸಿ. ನಯಗೊಳಿಸಬೇಕೆಂದು ಕೈ ತುಡಿಯಿತು, ತಡೆದುಕೊಂಡೆ.

ಇನ್ನು ಚರ್ಚಿನ ಸಾಕ್ಷಿ. ಮೊದಲ ಸಲ ನಾನು ಪಾದ್ರಿಯವರಿಂದ ಮೂರು ಸಾಲಿನ ಪತ್ರ ಪಡೆದು ಲಗತ್ತಿಸಿದ್ದೆ: ಇವರು ನಮ್ಮ ಸಭೆಗೆ ಬರುತ್ತಾರೆ, ದೀಕ್ಷಾಸ್ನಾನ ಪಡೆದಿದ್ದಾರೆ, ಪ್ರಾಮಾಣಿಕರು. ಅಂಥ ಪತ್ರಕ್ಕೆ ತೂಕವಿಲ್ಲ. ಸಭೆಯ ಹಿರಿಯರು ನ್ಯಾಯಮಂಡಳಿಗೆ ಬಂದು ಬಾಯಿಮಾತಿನಲ್ಲಿ ಸಾಕ್ಷಿ ಹೇಳಬೇಕೆಂದು ದೋರೋದಿಯನ್ ಪ್ರಕರಣದಲ್ಲಿ ಇಲ್ಲಿನ ವಲಸೆ ನ್ಯಾಯಮಂಡಳಿ 2001ರಲ್ಲೇ ಹೇಳಿತ್ತು; ಅಂಥ ಸಾಕ್ಷಿಯನ್ನು ವಕೀಲರು ಈಗಲೂ ‘ದೋರೋದಿಯನ್ ಸಾಕ್ಷಿ’ ಎನ್ನುತ್ತಾರೆ. ಅರ್ಜಿದಾರ ಬೇರೆ ವಿಷಯದಲ್ಲಿ ನಂಬಿಕೆಗೆ ಅರ್ಹನಲ್ಲ ಎಂದು ಕಂಡರೂ ಚರ್ಚಿನವರ ಸಾಕ್ಷ್ಯವನ್ನು ಅಷ್ಟಕ್ಕೇ ತಳ್ಳಿಹಾಕುವಂತಿಲ್ಲ ಎಂದು 2018ರಲ್ಲಿ ಸ್ಕಾಟ್ಲೆಂಡಿನ ಉನ್ನತ ನ್ಯಾಯಾಲಯ ತೀರ್ಪು ಕೊಟ್ಟಿತು.

ಆ ಪಾದ್ರಿ ಒಬ್ಬ ಮಹಿಳೆ, ನಿವೃತ್ತಿಯ ಅಂಚಿನಲ್ಲಿದ್ದವರು. ಬ್ರಾಡ್‌ಫರ್ಡ್‌ನಲ್ಲಿ ವಿಚಾರಣೆ, ಮಳೆಯಲ್ಲಿ ಎರಡು ಬಸ್ ಬದಲಿಸಿ ಬಂದಿದ್ದರು. ಅವನ ಹೃದಯದಲ್ಲಿ ನಂಬಿಕೆ ಇದೆಯೆಂದು ನಿಮಗೆ ಹೇಗೆ ಗೊತ್ತು ಎಂದು ಗೃಹ ಇಲಾಖೆಯ ಪ್ರತಿನಿಧಿ ಪಾಟೀಸವಾಲಿನಲ್ಲಿ ಕೇಳಿದರು. ‘ಹೃದಯ ನನಗೆ ಕಾಣುವುದಿಲ್ಲ. ಕಂಡದ್ದನ್ನು ಹೇಳುತ್ತೇನೆ’ ಎಂದು ಶುರುಮಾಡಿದರು. ಒಂದು ಚಳಿಗಾಲ ಏಳು ವಾರ ಅವನು ಬರಲಿಲ್ಲ. ವಿಚಾರಿಸಿದಾಗ ದೇವರ ಮೇಲೆ ಕೋಪ ಬಂದಿದೆ ಎಂದ. ಊಟವಾದ ಮೇಲೆ ಅಡುಗೆಮನೆ ತೊಳೆಯುವುದು ಅವನೇ. ಪ್ರಾರ್ಥನೆ ಜೋರಾಗಿ ಹೇಳಲು ಅವನಿಗೆ ಸಂಕೋಚ. ಅದೇ ವರ್ಷ ಇನ್ನಿಬ್ಬರಿಗೆ ಪತ್ರ ಕೊಡಲು ತಾನು ಒಪ್ಪಲಿಲ್ಲ ಎಂಬುದನ್ನೂ ಹೇಳಿದರು. ಆ ಏಳು ವಾರದ ಮಾತು ಬಂದಾಗ ನನ್ನ ಎದೆ ಧಸಕ್ಕೆಂದಿತು. ತೀರ್ಪಿನಲ್ಲಿ ನ್ಯಾಯಾಧೀಶರು ಆ ಮಾತನ್ನೇ ಎತ್ತಿ, ಪ್ರತಿಕೂಲವಾದದ್ದನ್ನೂ ಮರೆಮಾಡದ ಸಾಕ್ಷಿ ಎಂದು ಅವರನ್ನು ನಂಬಿದರು. ಮೇಲ್ಮನವಿ ಅಂಗೀಕಾರವಾಯಿತು. ಐದು ವರ್ಷದ ವಾಸದ ಪರವಾನಗಿ ಬಂತು.

ಸುಳ್ಳು ಮತಾಂತರಗಳೇ ಇಲ್ಲ ಎಂದು ನಾನು ಹೇಳುವುದಿಲ್ಲ. ಯಾವ ಚರ್ಚಿನಲ್ಲಿ ಬೇಗ ಪತ್ರ ಸಿಗುತ್ತದೆ ಎಂದು ನನ್ನೆದುರೇ ಕುಳಿತು ಕೇಳಿದವರಿದ್ದಾರೆ. ಸುಳ್ಳೆಂದು ತಿಳಿದದ್ದನ್ನು ನ್ಯಾಯಮಂಡಳಿಯ ಮುಂದೆ ಇಡುವಂತಿಲ್ಲ ಎಂದು ಹೇಳಿ ಕಳಿಸಿದ್ದೇನೆ. 2024ರ ಜನವರಿ 31ರಂದು ಲಂಡನ್ನಿನ ಕ್ಲಾಪಮ್‌ನಲ್ಲಿ ಒಬ್ಬ ತಾಯಿ ಮತ್ತು ಅವಳ ಪುಟ್ಟ ಹೆಣ್ಣುಮಕ್ಕಳ ಮೇಲೆ ಸುಡುವ ರಾಸಾಯನಿಕ ಎರಚಿದವನಿಗೆ ಮೊದಲು ಎರಡು ಸಲ ಆಶ್ರಯ ನಿರಾಕರಣೆಯಾಗಿತ್ತು. ಕ್ರೈಸ್ತನಾದೆ ಎಂದ ಮೇಲೆ ಮೇಲ್ಮನವಿಯಲ್ಲಿ ಸಿಕ್ಕಿತ್ತು. ಆ ವಾರ ಪತ್ರಿಕೆಗಳು ಚರ್ಚುಗಳ ಮೇಲೆ ಮುಗಿಬಿದ್ದವು. ನನ್ನ ಕಕ್ಷಿದಾರರಲ್ಲಿ ಇಬ್ಬರು ಭಾನುವಾರ ಚರ್ಚಿಗೆ ಹೋಗಲು ಹೆದರಿದರು. ಒಬ್ಬನ ಕ್ರೌರ್ಯದ ಲೆಕ್ಕವನ್ನು ಇವರ ಮೇಲೆ ಹಾಕುವುದು ಅನ್ಯಾಯ. ಇರಾನಿನಲ್ಲಿ ಹೀಗೆ ಬೆಲೆ ತೆತ್ತವರ ಮನೆಯ ಮಗಳೊಬ್ಬರು ಇಂದು ಇಂಗ್ಲೆಂಡಿನ ಚರ್ಚಿನಲ್ಲೇ ಹಿರಿಯ ಸ್ಥಾನದಲ್ಲಿದ್ದಾರೆ. ಚೆಲ್ಮ್ಸ್‌ಫರ್ಡ್‌ನ ಬಿಷಪ್ ಗೂಲಿ ಫ್ರಾನ್ಸಿಸ್-ದೆಹ್ಕಾನಿ ಹುಟ್ಟಿದ್ದು ಎಸ್ಫಹಾನಿನಲ್ಲಿ. ಮುಸ್ಲಿಂ ಮನೆಯಲ್ಲಿ ಹುಟ್ಟಿ ಕ್ರೈಸ್ತರಾದ ಅವರ ತಂದೆ ಅಲ್ಲಿ ಬಿಷಪ್ ಆಗಿದ್ದರು. 1980ರಲ್ಲಿ ಗೂಲಿಯವರ ಅಣ್ಣನ ಕೊಲೆಯಾಯಿತು, ಕುಟುಂಬ ದೇಶ ಬಿಟ್ಟಿತು.

ಕಾನೂನು ಈಗ ಇನ್ನಷ್ಟು ಬಿಗಿಯಾಗಿದೆ. 2022ರ ಜೂನ್ 28ರಿಂದ ಹಾಕಿದ ಅರ್ಜಿಗಳಲ್ಲಿ ವ್ಯಕ್ತಿ ನಿಜವಾಗಿ ಮತಾಂತರಗೊಂಡಿದ್ದಾನೆಯೇ ಎಂಬುದನ್ನು ‘ಇರಬಹುದು’ ಎನ್ನುವ ಮಟ್ಟಕ್ಕಲ್ಲ, ‘ಇಲ್ಲ ಎನ್ನುವುದಕ್ಕಿಂತ ಹೌದು ಎನ್ನುವುದೇ ಹೆಚ್ಚು ಸಂಭವ’ ಎನ್ನುವ ಮಟ್ಟಕ್ಕೆ ಸಾಬೀತುಮಾಡಬೇಕು. ಹಾಗಾಗಿ ಹೇಳಿಕೆ ಬರೆಯುವ ನನ್ನಂಥವರ ಹೊಣೆ ಹೆಚ್ಚಿದೆ. ಈಗ ನಾನು ಮೊದಲ ಭೇಟಿಯಲ್ಲಿ ಬೈಬಲ್ಲಿನ ಮಾತು ಎತ್ತುವುದಿಲ್ಲ. ಕಸುಬು, ಮನೆ, ಜಗಳ, ಸಾಲ, ಇವುಗಳಿಂದ ಶುರುಮಾಡುತ್ತೇನೆ. ಯಾರಿಗೆ ಹೇಳಿದಿರಿ, ಯಾರಿಗೆ ಇನ್ನೂ ಹೇಳಿಲ್ಲ ಎಂದು ಕೇಳುತ್ತೇನೆ. ಎರಡನೆಯ ಪ್ರಶ್ನೆಗೆ ಬರುವ ಉತ್ತರ ಸಾಮಾನ್ಯವಾಗಿ ಉದ್ದವಾಗಿರುತ್ತದೆ. ಅನುಮಾನ ಬಂದ ದಿನಗಳನ್ನೂ ಬರೆದುಕೊಳ್ಳುತ್ತೇನೆ. ಪಾದ್ರಿಗಳಿಗೆ ಪತ್ರದ ಮಾದರಿ ಕಳಿಸುವುದನ್ನು ನಿಲ್ಲಿಸಿದ್ದೇನೆ. ಕಂಡದ್ದನ್ನು, ಕಾಣದ್ದನ್ನು ಬರೆಯಿರಿ, ಬಂದು ಹೇಳಲು ಸಿದ್ಧರಿದ್ದೀರಾ ತಿಳಿಸಿ ಎಂದಷ್ಟೇ ಕೇಳುತ್ತೇನೆ.

ಬರುವ ಗುರುವಾರ ಶಿರಾಜಿನ ಒಬ್ಬ ಹೆಣ್ಣುಮಗಳ ಹೇಳಿಕೆ ಬರೆಯುವುದಿದೆ. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು. ಭೇಟಿ ಹತ್ತು ಗಂಟೆಗೆ. ದುಭಾಷಿಗೆ ಒಂಬತ್ತೂವರೆಗೇ ಬರಲು ಹೇಳಿದ್ದೇನೆ. ಈದ್-ಎ ಪಾಕ್, ಘುಸ್ಲ್-ಎ ತಅಮೀದ್, ರೂಹುಲ್ ಕುದುಸ್, ಈ ಮೂರನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುತ್ತೀರಿ ಎಂದು ಮೊದಲು ಅವರನ್ನೇ ಕೇಳಬೇಕು.