ಉಚಿತ ಆ್ಯಪ್‌ಗಳಿರುವಾಗ ಟಿಪ್ಪಣಿಗಳಿಗೆ ಮನೆಯಲ್ಲೇ ಸರ್ವರ್ ಏಕೆ?

ಫೋನಿನಲ್ಲಿ ಉಚಿತವಾಗಿ ಸಿಗುವ ನೋಟ್ಸ್ ಆ್ಯಪ್‌ಗಳು ಬೇಕಾದಷ್ಟಿರುವಾಗ, ಮನೆಯಲ್ಲಿ ಒಂದು ಪುಟ್ಟ ಕಂಪ್ಯೂಟರನ್ನು ಹಗಲೂ ರಾತ್ರಿ ಓಡಿಸಿ ಟಿಪ್ಪಣಿಗಳನ್ನು ಅದರಲ್ಲೇ ಇಟ್ಟುಕೊಳ್ಳುವ ಉಸಾಬರಿ ಏಕೆ ಎಂದು ಪರಿಚಿತರು ಆಗಾಗ ಕೇಳುತ್ತಾರೆ. ಖಾಸಗಿತನಕ್ಕಾಗಿ ಎಂಬ ಉತ್ತರ ಬರುತ್ತದೆಂದು ಅವರ ಎಣಿಕೆ. ಅದೂ ಒಂದು ಕಾರಣವೇ. ಆದರೆ ನಾನು ಬರೆದದ್ದರ ಮೇಲೆ ಬೇರೆಯವರ ವ್ಯಾಪಾರದ ತೀರ್ಮಾನಗಳ ನೆರಳು ಬೀಳಬಾರದು ಎಂಬುದು ನನಗೆ ಅದಕ್ಕಿಂತ ಮುಖ್ಯ.

ಎವರ್‌ನೋಟ್ ಎಂಬ ನೋಟ್ಸ್ ಆ್ಯಪ್‌ನಲ್ಲಿ ಅನೇಕರು ವರ್ಷಗಟ್ಟಲೆ ಟಿಪ್ಪಣಿಗಳನ್ನು ಕೂಡಿಟ್ಟಿದ್ದರು. ಆ ಕಂಪನಿ ಇಟಲಿಯ ಬೆಂಡಿಂಗ್ ಸ್ಪೂನ್ಸ್ ಪಾಲಾದ ಮೇಲೆ, 2023ರ ಡಿಸೆಂಬರ್‌ನಲ್ಲಿ, ಉಚಿತ ಖಾತೆಗೆ 50 ಟಿಪ್ಪಣಿ ಮತ್ತು ಒಂದೇ ನೋಟ್‌ಬುಕ್ ಎಂಬ ಮಿತಿ ಬಂತು. ಹಳೆಯದನ್ನು ಓದಲು ಅಡ್ಡಿಯಿರಲಿಲ್ಲವಾದರೂ, ಮಿತಿ ದಾಟಿದವರು ಹೊಸದೊಂದನ್ನು ಸೇರಿಸಬೇಕೆಂದರೆ ಹಣ ಕಟ್ಟಬೇಕಾಯಿತು. ನನ್ನ ಸರ್ವರ್‌ನಲ್ಲಿ ನಾನು ಬಳಸುವ ಟ್ರಿಲಿಯಂ ಎಂಬ ಟಿಪ್ಪಣಿ ತಂತ್ರಾಂಶಕ್ಕೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಸಂಕಟ ಬಂದಿತ್ತು. 2024ರ ಆರಂಭದಲ್ಲಿ ಅದರ ಮೂಲ ಕರ್ತೃ ಹೊಸ ಸೌಲಭ್ಯಗಳ ಕೆಲಸವನ್ನು ನಿಲ್ಲಿಸಿದರು. ಆದರೆ ಎಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯಡಿ ಅದರ ಸೋರ್ಸ್ ಕೋಡ್ (ಪ್ರೋಗ್ರಾಂನ ಮೂಲ ಬರಹ) ಎಲ್ಲರಿಗೂ ತೆರೆದಿದ್ದುದರಿಂದ, ಆಸಕ್ತರು ಅದನ್ನು ಟ್ರಿಲಿಯಂನೆಕ್ಸ್ಟ್ ಎಂಬ ಹೆಸರಿನಲ್ಲಿ ಮುಂದುವರಿಸಿದರು. ನನ್ನ ಟಿಪ್ಪಣಿಗಳು ಇದ್ದಲ್ಲೇ ಇದ್ದವು.

ಖರ್ಚು ದೊಡ್ಡದಲ್ಲ: ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಸರಾಸರಿ 5 ವ್ಯಾಟ್ ಎಳೆದರೂ ತಿಂಗಳಿಗೆ 3.6 ಯೂನಿಟ್ ಆಗುತ್ತದೆ. ನಿಜವಾದ ಶ್ರಮವಿರುವುದು ಬ್ಯಾಕಪ್‌ನಲ್ಲಿ. ಟ್ರಿಲಿಯಂ ಎಲ್ಲವನ್ನೂ ಒಂದೇ ಎಸ್‌ಕ್ಯೂಲೈಟ್ (ಡೇಟಾಬೇಸ್) ಫೈಲಿನಲ್ಲಿ ಇಡುತ್ತದೆ. ಸರ್ವರ್ ಓಡುತ್ತಿರುವಾಗಲೇ ಆ ಫೈಲನ್ನು ನೇರವಾಗಿ ನಕಲು ಮಾಡಿದರೆ, ತೀರಾ ಈಚಿನ ಬದಲಾವಣೆಗಳು ಬಿಟ್ಟುಹೋಗಬಹುದು ಅಥವಾ ಪ್ರತಿಯೇ ಕೆಟ್ಟಿರಬಹುದು. ಹಾಗಾಗಬಾರದೆಂದೇ ಅದು ತಾನಾಗಿ ದಿನಕ್ಕೊಂದು, ವಾರಕ್ಕೊಂದು, ತಿಂಗಳಿಗೊಂದರಂತೆ ಸುಸ್ಥಿತಿಯ ಪ್ರತಿಗಳನ್ನು ಬ್ಯಾಕಪ್ ಫೋಲ್ಡರಿಗೆ ಬರೆದಿಡುತ್ತದೆ. ಆ ಫೋಲ್ಡರ್ ಇರುವುದೂ ಅದೇ ಡಿಸ್ಕಿನಲ್ಲಾದ್ದರಿಂದ, ಅಲ್ಲಿಂದ ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶದ ಮೂಲಕ, ಬೇರೆಯವರು ಓದಲಾಗದಂತೆ ಎನ್‌ಕ್ರಿಪ್ಟ್ ಮಾಡಿ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೂ ಇನ್ನೊಂದನ್ನು ಮನೆಯ ಹೊರಗಿನ ಜಾಗಕ್ಕೂ ಕಳುಹಿಸುತ್ತೇನೆ. ಅಷ್ಟಕ್ಕೇ ನಿಲ್ಲದೆ, ಆ ಪ್ರತಿಯನ್ನು ಆಗಾಗ ಲ್ಯಾಪ್‌ಟಾಪ್‌ನಲ್ಲಿ ತೆರೆದು, ಟಿಪ್ಪಣಿಗಳೂ ಅವುಗಳೊಳಗಿನ ಚಿತ್ರಗಳೂ ಬರುತ್ತವೆಯೇ ಎಂದು ನೋಡುತ್ತೇನೆ. ಹೀಗೆ ತೆರೆದು ನೋಡದ ಬ್ಯಾಕಪ್‌ನ ಮೇಲೆ ನನಗೆ ನಂಬಿಕೆಯಿಲ್ಲ.

ನಮ್ಮ ಕಡೆ ಕರೆಂಟು ಹೇಳದೆ ಕೇಳದೆ ಹೋಗುವುದರಿಂದ ಎಸ್‌ಡಿ ಕಾರ್ಡಿನ ಬದಲು ಎಸ್‌ಎಸ್‌ಡಿಯನ್ನೂ, ಜೊತೆಗೊಂದು ಯುಪಿಎಸ್ಸನ್ನೂ ಇಡುವುದು ಒಳ್ಳೆಯದು. ಅನೇಕ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಮನೆಗೆ ಪ್ರತ್ಯೇಕ ಸಾರ್ವಜನಿಕ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಹೊರಗಿನಿಂದ ನೇರವಾಗಿ ತಲುಪಬಲ್ಲ ವಿಳಾಸ) ಸಿಗುವುದಿಲ್ಲ. ಹಾಗಾಗಿ ಹೊರಗಿನಿಂದ ಸರ್ವರನ್ನು ತಲುಪಲು ನಾನು ಟೇಲ್‌ಸ್ಕೇಲ್ ಎಂಬ ಖಾಸಗಿ ಜಾಲದ ಸೇವೆಯನ್ನು ಬಳಸುತ್ತೇನೆ. ಇದರಿಂದ ರೂಟರಿನಲ್ಲಿ ಹೊರಗಿನಿಂದ ಒಳಬರುವ ಯಾವ ದಾರಿಯನ್ನೂ (ಪೋರ್ಟ್) ತೆರೆದಿಡಬೇಕಾಗಿಲ್ಲ.

ಇಷ್ಟಕ್ಕೆಲ್ಲ ಪುರುಸೊತ್ತಿಲ್ಲದವರಿಗೆ ನಾನು ಸರ್ವರ್ ಹೂಡಿರೆಂದು ಹೇಳುವುದಿಲ್ಲ. ಅವರು ಜಾಪ್ಲಿನ್ ಎಂಬ ನೋಟ್ಸ್ ಆ್ಯಪ್ ಹಾಕಿಕೊಂಡು, ಈಗಾಗಲೇ ಇರುವ ಡ್ರಾಪ್‌ಬಾಕ್ಸ್ ಅಥವಾ ಒನ್‌ಡ್ರೈವ್ ಖಾತೆಯ ಮೂಲಕ ಸಿಂಕ್ ಮಾಡಿಕೊಳ್ಳಲಿ. ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ (ಸಿಂಕ್ ಸೇವೆಯವರಿಗೂ ಓದಲಾಗದಂತೆ ಮಾಡುವ ಗೂಢಲಿಪೀಕರಣ) ಅದರಲ್ಲಿ ತಾನಾಗಿ ಆನ್ ಆಗಿರುವುದಿಲ್ಲ, ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಿಕೊಳ್ಳಬೇಕು. ಎಲ್ಲ ಟಿಪ್ಪಣಿಗಳನ್ನೂ ಮಾರ್ಕ್‌ಡೌನ್ (ಸರಳ ಪಠ್ಯದ) ಫೈಲುಗಳಾಗಿ ಯಾವಾಗ ಬೇಕಾದರೂ ಹೊರತೆಗೆದುಕೊಳ್ಳಬಹುದು.