ಕಾಂಪೌಂಡ್ ಗೋಡೆಯಿಂದ ನೂರು ಮೀಟರ್

ಶಾಲೆ ಬಿಡುವುದು ಸಂಜೆ 4.20ಕ್ಕೆ. ಆದ್ದರಿಂದ ಕೋಟ್ಪಾ (ತಂಬಾಕು ಮಾರಾಟಕ್ಕೆ ಕಡಿವಾಣ ಹಾಕುವ 2003ರ ಕೇಂದ್ರ ಕಾಯ್ದೆ) ತಪಾಸಣೆಗೆಂದು ಬೆಳಿಗ್ಗೆ ಹನ್ನೊಂದಕ್ಕೆ ಜೀಪಿನಲ್ಲಿ ಹೋಗಿ ಇಳಿದರೆ ಏನೂ ಸಿಗುವುದಿಲ್ಲ. ಆ ಹೊತ್ತಿನಲ್ಲಿ ಪೆಟ್ಟಿಗೆ ಅಂಗಡಿಯ ಮುಂದೆ ನಿಂತಿರುವವರೆಲ್ಲ ದೊಡ್ಡವರೇ. ಹೊಗೆಸೊಪ್ಪಿನ ಮಾಲು ಮಕ್ಕಳ ಕೈ ಸೇರುವುದು ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಶಾಲೆ ಬಿಟ್ಟ ಮೇಲಿನ ಮುಕ್ಕಾಲು ಗಂಟೆಯಲ್ಲಿ, ಮತ್ತೆ ಟ್ಯೂಷನ್ ಮುಗಿಯುವ ಏಳರ ಸುಮಾರಿಗೆ. 2025ರ ಆಗಸ್ಟ್‌ನಲ್ಲಿ ಹುಣಸೂರು ಸೀಮೆಯ ಒಂದು ಊರಿಗೆ ಹೋದ ನಮ್ಮ ತಂಡ ಮಧ್ಯಾಹ್ನ ಅಳತೆ, ಸಂಜೆ ತಪಾಸಣೆ ಎಂದು ದಿನವನ್ನು ಎರಡಾಗಿ ಮಾಡಿಕೊಂಡದ್ದು ಅದಕ್ಕೇ.

ಜೀಪಿನಲ್ಲಿದ್ದ ಸಾಮಾನು ಇಷ್ಟು: 50 ಮೀಟರಿನ ಟೇಪು, ಹಳದಿ ಬಣ್ಣದ ಡಬ್ಬ, ಎರಡು ಬ್ರಷ್ಷು, ಸೀಮೆಸುಣ್ಣ, ದಂಡದ ರಸೀದಿ ಪುಸ್ತಕ, ಮಹಜರಿಗೆ ಬಿಳಿ ಹಾಳೆ, 60 ಸೆಂಟಿಮೀಟರ್ ಅಗಲ 30 ಸೆಂಟಿಮೀಟರ್ ಎತ್ತರದ, ಅಂಗಡಿಗೆ ತೂಗುಹಾಕುವ ಹತ್ತು ಎಚ್ಚರಿಕೆ ಫಲಕ, ಕಾಯ್ದೆಯ ಕನ್ನಡ ಪ್ರತಿ. ಈ ಕನ್ನಡ ಪ್ರತಿ ಇಲ್ಲದೆ ಹೋಗಲೇಬಾರದು. ಅಂಗಡಿಯವರಲ್ಲಿ ಹೆಚ್ಚಿನವರು ವಾದ ಮಾಡುವುದು ಕಾನೂನನ್ನು ಮುರಿಯಬೇಕೆಂದಲ್ಲ, ಕಾನೂನು ಏನು ಹೇಳುತ್ತದೆಂದು ಯಾರೂ ಅವರಿಗೆ ಓದಿ ಹೇಳಿರುವುದಿಲ್ಲ.

ಓದಿ ಹೇಳಬೇಕಾದದ್ದು ಈಚೆಗೆ ಬದಲಾಗಿದೆ ಕೂಡ. 2003ರ ಕೇಂದ್ರ ಕಾಯ್ದೆಯಲ್ಲಿ 18 ವರ್ಷದೊಳಗಿನವರಿಗೆ ಮಾರುವಂತಿರಲಿಲ್ಲ, ಶಿಕ್ಷಣ ಸಂಸ್ಥೆಯ 100 ಗಜದೊಳಗೆ ಮಾರುವಂತಿರಲಿಲ್ಲ, ತಪ್ಪಿದರೆ ದಂಡ 200 ರೂಪಾಯಿಯವರೆಗೆ. ಕರ್ನಾಟಕದ ತಿದ್ದುಪಡಿಗೆ 2024ರ ಫೆಬ್ರವರಿಯಲ್ಲಿ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು, ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2025ರ ಮೇ ತಿಂಗಳಲ್ಲಿ. ಈಗ ನಮ್ಮ ರಾಜ್ಯದಲ್ಲಿ ವಯಸ್ಸು 21, ದೂರ 100 ಮೀಟರ್, ದಂಡ 1,000 ರೂಪಾಯಿಯವರೆಗೆ. ಹುಕ್ಕಾ ಬಾರ್ ನಡೆಸಿದರೆ ಒಂದರಿಂದ ಮೂರು ವರ್ಷ ಜೈಲು, 50,000ದಿಂದ ಒಂದು ಲಕ್ಷದವರೆಗೆ ದಂಡ. ಇವೆಲ್ಲದರ ನಡುವೆ ಇನ್ನೊಂದು ಸಾಲಿದೆ: ಸಿಗರೇಟನ್ನು ಬಿಡಿಯಾಗಿ, ಒಂದೊಂದಾಗಿ ಮಾರುವಂತಿಲ್ಲ. ಪತ್ರಿಕೆಗಳಲ್ಲಿ 21 ದೊಡ್ಡ ಅಕ್ಷರದಲ್ಲಿ ಬಂತು, ಬಿಡಿ ಮಾರಾಟದ ಸಾಲು ಮೂಲೆಗೆ ಸರಿಯಿತು. ಮಕ್ಕಳ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಬಲ್ಲದ್ದು ಆ ಸಾಲೇ.

ಮೊದಲು ಅಳತೆಯ ವಿಷಯ. ನೂರು ಮೀಟರನ್ನು ಶಾಲೆಯ ಗೇಟಿನಿಂದ ರಸ್ತೆಗುಂಟ ಅಳೆಯುವುದು ಎಲ್ಲರೂ ಮಾಡುವ ತಪ್ಪು. ನಿಯಮದ ಪ್ರಕಾರ ಅಳೆಯಬೇಕಾದದ್ದು ಕಾಂಪೌಂಡ್ ಗೋಡೆಯ ಅಥವಾ ಬೇಲಿಯ ಹೊರ ಅಂಚಿನಿಂದ, ಸುತ್ತಲೂ ಎಲ್ಲ ದಿಕ್ಕಿಗೂ, ಹಕ್ಕಿ ಹಾರುವ ನೇರದಲ್ಲಿ. ಆ ಊರಿನ ಪ್ರೌಢಶಾಲೆಯ ಮುಂಬಾಗಿಲಿನ ರಸ್ತೆಯಲ್ಲಿ ಒಂದೂ ಅಂಗಡಿ ಇರಲಿಲ್ಲ. ಹಿಂಬದಿಯ ಗೋಡೆಯಾಚೆ ಮೂರಿದ್ದವು, ಗೋಡೆಯ ಇಟ್ಟಿಗೆ ಒಂದು ಕಡೆ ಬಿದ್ದು ಹುಡುಗರು ನುಸುಳುವಷ್ಟು ಜಾಗವಾಗಿತ್ತು. ಗೇಟಿನಿಂದ ಅಳೆದವರಿಗೆ ಆ ಮೂರೂ ಕಾಣುವುದೇ ಇಲ್ಲ.

ನಡುವೆ ಮನೆಗಳಿದ್ದರೆ ಟೇಪನ್ನು ನೇರ ಎಳೆಯಲಾಗದು. ಮೊಬೈಲಿನ ಉಪಗ್ರಹ ನಕ್ಷೆಯಲ್ಲಿ ಎರಡು ಬಿಂದು ಒತ್ತಿದರೆ ದೂರ ಬರುತ್ತದೆ. ಆದರೆ ಬೆರಳು ಒಂದಿಷ್ಟು ಆಚೀಚೆ ಆದರೂ ಐದಾರು ಮೀಟರ್ ವ್ಯತ್ಯಾಸ ಬೀಳುವುದರಿಂದ ಗಡಿಯ ಹತ್ತಿರದ ಅಂಗಡಿಗೆ ಅದು ಸಾಲದು. ಅಂಥ ಕಡೆ ಹೈಸ್ಕೂಲಿನ ಲೆಕ್ಕವೇ ಸಹಾಯಕ್ಕೆ ಬರುವುದು. ಗೋಡೆಯ ಮೂಲೆಯಿಂದ ರಸ್ತೆಗುಂಟ 60 ಮೀಟರ್, ಅಲ್ಲಿ ಲಂಬವಾಗಿ ತಿರುಗುವ ಓಣಿಯಲ್ಲಿ 75 ಮೀಟರ್, ಅಲ್ಲೊಂದು ಅಂಗಡಿ. ನಡೆದರೆ 135 ಮೀಟರ್. 60ರ ವರ್ಗ 3,600, 75ರ ವರ್ಗ 5,625, ಕೂಡಿದರೆ 9,225. ಅದರ ವರ್ಗಮೂಲ ಸುಮಾರು 96. ಅಂದರೆ ನೇರ ದೂರ 96 ಮೀಟರ್. 100 ಗಜವೆಂದರೆ 91.44 ಮೀಟರ್, ಹಾಗಾಗಿ ಹಳೆಯ ಕಾಯ್ದೆಯಲ್ಲಿ ಈ ಅಂಗಡಿ ಹೊರಗಿತ್ತು. ಹೊಸದರಲ್ಲಿ ಒಳಗೆ ಬಂತು. ಈ ಗಡಿ ತೋರಿಸಲು ಹಿಂದೆ ಎಳೆದಿದ್ದ ಹಳದಿ ಗೆರೆಗಳೆಲ್ಲ ಗಜದ ಲೆಕ್ಕದವು, ಅವನ್ನು ಎಂಟೂವರೆ ಮೀಟರ್ ಆಚೆಗೆ ಹೊಸದಾಗಿ ಎಳೆಯಬೇಕು. ಎಷ್ಟೋ ಶಾಲೆಗಳ ಮುಂದೆ ಹಳೆಯ ಗೆರೆಯೇ ಇದೆ, ಆ ಗೆರೆಯನ್ನು ನಂಬಿ ಅಂಗಡಿ ಇಟ್ಟವರ ಮೇಲೆ ಎಚ್ಚರಿಕೆಯನ್ನೂ ಕೊಡದೆ ದಂಡ ಹಾಕುವುದು ನ್ಯಾಯವಲ್ಲ. ಆ 96 ಮೀಟರಿನ ಅಂಗಡಿಯವರಿಗೆ ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸಿ, ಮಾಲು ಖಾಲಿ ಮಾಡಿಕೊಳ್ಳಲು ಹದಿನೈದು ದಿನ ಕೊಡಲಾಯಿತು. ಅಂಗಡಿ ಮುಚ್ಚಬೇಕಾಗಿಲ್ಲ, ಹೊಗೆಸೊಪ್ಪು ಮಾತ್ರ ಇಡಬಾರದು ಎನ್ನುವುದನ್ನು ಎರಡು ಸಲ ಹೇಳಬೇಕಾಗುತ್ತದೆ.

ಸಂಜೆ ನಾಲ್ಕಕ್ಕೆ ತಂಡ ಎರಡಾಯಿತು. ಒಂದೇ ತಂಡವಾಗಿ ಸಾಲಾಗಿ ಹೋದರೆ ಮೊದಲ ಅಂಗಡಿಯಿಂದ ಮೂರನೆಯದಕ್ಕೆ ಫೋನು ಹೋಗಿರುತ್ತದೆ. ಅದಕ್ಕೇ ಬೀದಿಯ ಎರಡೂ ತುದಿಯಿಂದ ಹೊರಟು ನಡುವೆ ಸೇರುವುದು. ಜೀಪನ್ನು ಬಸ್ ನಿಲ್ದಾಣದಲ್ಲೇ ಬಿಡುವುದು.

ಅಂಗಡಿ ಮುಂದೆ ನಿಂತಾಗ ಮೊದಲು ನೋಡಬೇಕಾದದ್ದು ಮಾಲನ್ನಲ್ಲ, ಲೈಟರನ್ನು. ಬಾಗಿಲ ಚೌಕಟ್ಟಿಗೆ ಸಣಬಿನ ದಾರ ಕಟ್ಟಿ ಲೈಟರ್ ಇಳಿಬಿಟ್ಟಿದ್ದರೆ ಅಲ್ಲಿ ಬಿಡಿ ಸಿಗರೇಟು ಮಾರಾಟವಾಗುತ್ತಿದೆ ಎಂದೇ ಅರ್ಥ. ಪ್ಯಾಕು ಕೊಳ್ಳುವವನ ಜೇಬಿನಲ್ಲಿ ಸಾಮಾನ್ಯವಾಗಿ ಬೆಂಕಿಪೊಟ್ಟಣ ಇರುತ್ತದೆ. ಒಂದನ್ನೇ ಕೊಳ್ಳುವವನು ಅಲ್ಲೇ ಹಚ್ಚಿಕೊಳ್ಳುತ್ತಾನೆ. ಆ ಬೀದಿಯ ಟೀ ಅಂಗಡಿಯ ದಾರದ ತುದಿ ನೆಲದಿಂದ ಮೂರೂವರೆ ಅಡಿ ಎತ್ತರದಲ್ಲಿತ್ತು, ಬೆಂಕಿ ತಾಗಿ ತಾಗಿ ಕಪ್ಪಾಗಿತ್ತು. ಪಕ್ಕದಲ್ಲೇ ಚಾಕಲೇಟು ಡಬ್ಬ, ಅದರ ಮುಚ್ಚಳದ ಮೇಲೆ ಬಾಯಿ ಹರಿದ ಸಿಗರೇಟು ಪ್ಯಾಕು, ಒಳಗೆ ಆರು ಉಳಿದಿದ್ದವು. ಮೇಲೆ ಪಾನ್ ಮಸಾಲಾ ಸರ, ಅದರ ಹಿಂದೆ ಜರ್ದಾದ, ಅಂದರೆ ಜಗಿಯುವ ಹೊಗೆಸೊಪ್ಪಿನ, ಸಣ್ಣ ಪೊಟ್ಟಣಗಳ ಸರ. ಗುಟ್ಕಾವನ್ನು ಕರ್ನಾಟಕ 2013ರ ಮೇ ತಿಂಗಳಲ್ಲೇ ನಿಷೇಧಿಸಿದ ಮೇಲೆ ಮಾಲು ಹೀಗೆ ಎರಡಾಗಿ ಬರುತ್ತದೆ, ಗಿರಾಕಿ ಕೈಯಲ್ಲಿ ಒಂದಾಗುತ್ತದೆ.

ಬಿಡಿ ಸಿಗರೇಟಿನ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣಗಳಿವೆ. ಪ್ಯಾಕಿನ ಎರಡೂ ಬದಿಯ ಶೇ. 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರ, ಬರಹ ಇರುತ್ತದೆ, ಚಟ ಬಿಡಲು ಸಹಾಯ ಕೇಳುವ 1800-11-2356 ಸಂಖ್ಯೆ ಇರುತ್ತದೆ. ಬಿಡಿಯಾಗಿ ಕೊಟ್ಟ ಒಂದರಲ್ಲಿ ಅದ್ಯಾವುದೂ ಇಲ್ಲ. ಹತ್ತರ ಪ್ಯಾಕಿಗೆ ಮಗುವಿನ ಬಳಿ ದುಡ್ಡಿರುವುದಿಲ್ಲ, ಒಂದಕ್ಕೆ ಬೇಕಾದ ಹತ್ತಿಪ್ಪತ್ತು ರೂಪಾಯಿ ಬಸ್ಸಿಗೆ ಕೊಟ್ಟದ್ದರಲ್ಲೇ ಉಳಿಯುತ್ತದೆ. ಪ್ಯಾಕು ತಂದರೆ ಮನೆಯಲ್ಲಿ ಬಚ್ಚಿಡಬೇಕು, ಒಂದಾದರೆ ಗೋಡೆಯ ಹಿಂದೆಯೇ ಮುಗಿಯುತ್ತದೆ. ಇನ್ನು ಅಂಗಡಿಯವನ ಕಡೆಯಿಂದ ನೋಡಿದರೆ ಒಂದನ್ನು ತೆಗೆದು ಕೊಡುವುದು ಎರಡು ಸೆಕೆಂಡಿನ ಕೆಲಸ, ವಯಸ್ಸು ಕೇಳುವುದಕ್ಕೆ ಆ ಎರಡು ಸೆಕೆಂಡಿನಲ್ಲಿ ಜಾಗವಿಲ್ಲ. 21 ಎಂಬ ನಿಯಮ ಅಲ್ಲೇ ಸೋರಿಹೋಗುವುದು.

ನಾಲ್ಕೂವರೆಗೆ ಆ ಟೀ ಅಂಗಡಿಗೆ ಹನ್ನೊಂದು ಹನ್ನೆರಡರ ಹುಡುಗನೊಬ್ಬ ಬಂದ. ನಾಲ್ಕಾಗಿ ಮಡಚಿದ ಇಪ್ಪತ್ತರ ನೋಟನ್ನು ಬಿಡಿಸುತ್ತ, "ಅಣ್ಣ, ಒಂದು ಸಿಗರೇಟು ಕೊಡಬೇಕಂತೆ, ನಮ್ಮಪ್ಪ ಕಳಿಸದ್ರು" ಅಂದ. ಅಂಗಡಿಯಾತ ಪ್ಯಾಕಿಗೆ ಕೈ ಹಾಕಿದವನು ನಮ್ಮನ್ನು ನೋಡಿ ನಿಂತ. "ಇವ್ರಪ್ಪ ಗೊತ್ತು ಸಾ, ದಿನಾ ಇವ್ನೇ ಬರದು. ಇವನು ಸೇದಲ್ಲ."

ಸೇದುವುದಿಲ್ಲ ಎನ್ನುವುದು ನಿಜವೇ ಇರಬಹುದು. ಕಾಯ್ದೆ ಕೇಳುವುದು ಯಾರು ಸೇದುತ್ತಾರೆ ಎಂದಲ್ಲ, ಯಾರ ಕೈಗೆ ಮಾರಿದೆ ಎಂದು. ಅಪ್ಪ ಕಳಿಸಿದ್ದರೂ, ಚೀಟಿ ಬರೆದು ಕೊಟ್ಟಿದ್ದರೂ, ಫೋನು ಮಾಡಿ ಹೇಳಿದ್ದರೂ 21 ತುಂಬದವರ ಕೈಗೆ ಕೊಟ್ಟರೆ ಅದು ಮಾರಾಟವೇ. ಹುಡುಗನಿಗೆ ಗದರಿಸಲಿಲ್ಲ, ಹೆಸರು ಬರೆದುಕೊಳ್ಳಲಿಲ್ಲ. ಕಾಯ್ದೆಯಲ್ಲಿ ಕೊಳ್ಳಲು ಬಂದ ಮಗುವಿಗೆ ಶಿಕ್ಷೆಯಿಲ್ಲ, ಇರಲೂ ಬಾರದು. "ಅಪ್ಪಂಗೇ ಬರಕ್ಕೆ ಹೇಳು ಮಗಾ" ಎಂದು ಕಳಿಸಿದ್ದಾಯಿತು. ತಪಾಸಣೆಗೆಂದು ಮಕ್ಕಳ ಕೈಯಲ್ಲಿ ದುಡ್ಡು ಕೊಟ್ಟು ಕೊಳ್ಳಲು ಕಳಿಸುವ ಉಪಾಯವನ್ನು ಕೆಲವರು ಸೂಚಿಸುತ್ತಾರೆ. ಅದು ಬೇಡವೇ ಬೇಡ. ಮಗುವನ್ನು ಸಾಕ್ಷಿಯ ಸಾಮಾನು ಮಾಡಿದಂತಾಗುತ್ತದೆ.

ವಯಸ್ಸಿನ ಪ್ರಕರಣಗಳು ಕಡತದಲ್ಲಿ ಕಡಿಮೆ ಕಾಣುವುದಕ್ಕೆ ಇದೇ ಕಾರಣ. ದೂರದ ಪ್ರಕರಣದಲ್ಲಿ ಅಂಗಡಿ ಇದ್ದಲ್ಲೇ ಇರುತ್ತದೆ, ಟೇಪು ಹಿಡಿದರೆ ಮುಗಿಯಿತು. ವಯಸ್ಸಿನದನ್ನು ಆ ಕ್ಷಣದಲ್ಲೇ ಕಣ್ಣಾರೆ ನೋಡಬೇಕು. ಕಡತದಲ್ಲಿ ಕಡಿಮೆ ಎಂದ ಮಾತ್ರಕ್ಕೆ ಬೀದಿಯಲ್ಲಿ ಕಡಿಮೆ ಎಂದು ವರದಿ ಬರೆಯುವುದು ಸುಳ್ಳು. 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯಲ್ಲಿ ದೇಶದ 13ರಿಂದ 15 ವಯಸ್ಸಿನ ಶಾಲಾ ಮಕ್ಕಳಲ್ಲಿ ಶೇ. 8.5 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು.

ಗಿರಾಕಿ ದೊಡ್ಡವನೆಂದು ತೋರಿಸುವ ಹೊಣೆ ನಿಯಮದ ಪ್ರಕಾರ ಮಾರುವವನದು. ಅನುಮಾನ ಬಂದರೆ ಗುರುತಿನ ಚೀಟಿ ಕೇಳಬಹುದು. "ಯಂಗೆ ಲೆಕ್ಕ ಹಾಕದು ಸಾ, ಗಿರಾಕಿ ನಿಂತಿರ್ತಾನೆ" ಎಂದ ಆ ಅಂಗಡಿಯಾತನ ಕಷ್ಟ ನಿಜವಾದದ್ದು. ಅದಕ್ಕೆ ಸುಲಭದ ದಾರಿ ಹುಟ್ಟಿದ ವರ್ಷವನ್ನಷ್ಟೇ ನೋಡುವುದು. 2025ರಲ್ಲಿ 2003 ಅಥವಾ ಅದಕ್ಕೂ ಹಿಂದೆ ಹುಟ್ಟಿದವರಿಗೆ ಮಾರಬಹುದು. 2005 ಮತ್ತು ನಂತರದವರಿಗೆ ಇಲ್ಲ. 2004 ಇದ್ದರೆ ಮಾತ್ರ ತಿಂಗಳು, ದಿನ ನೋಡಬೇಕು. ಹೊಸ ವರ್ಷ ಬಂದಾಗ ಮೂರೂ ಅಂಕಿಗೆ ಒಂದೊಂದು ಕೂಡಿಸಿದರಾಯಿತು. ಇದನ್ನು ದಪ್ಪ ಅಕ್ಷರದಲ್ಲಿ ರಟ್ಟಿನ ಮೇಲೆ ಬರೆದು ಗಲ್ಲಾಪೆಟ್ಟಿಗೆಯ ಒಳಮುಖಕ್ಕೆ ಅಂಟಿಸಿ ಬಂದೆವು. ಕೆಲವು ಹಳೆಯ ಆಧಾರ್ ಕಾರ್ಡುಗಳಲ್ಲಿ ಹುಟ್ಟಿದ ವರ್ಷ ಮಾತ್ರ ಇರುತ್ತದೆ, 2004ರವರು ಅಂಥದ್ದನ್ನು ತೋರಿಸಿದರೆ ಕೊಡದಿರುವುದೇ ಕ್ಷೇಮ. ಕಾಲೇಜಿನ ಗುರುತಿನ ಚೀಟಿಯಲ್ಲಿ ಹುಟ್ಟಿದ ದಿನಾಂಕ ಇರದಿದ್ದರೆ ಅದನ್ನೂ ಒಪ್ಪಬಾರದು. ಡಿಗ್ರಿ ಓದುವವರಲ್ಲಿ ಬಹುಪಾಲು ಇನ್ನೂ 21 ದಾಟಿರುವುದಿಲ್ಲ.

ವೋಟು ಹಾಕುವ ಹುಡುಗನಿಗೆ ಸಿಗರೇಟು ಯಾಕಿಲ್ಲ ಎಂದು ಕಾಲೇಜು ರಸ್ತೆಯಲ್ಲಿ ಕೇಳುತ್ತಾರೆ. ಹದಿನೈದರ ಹುಡುಗನಿಗೆ ಸಿಗರೇಟು ತಂದುಕೊಡುವವನು ಹೆಚ್ಚಾಗಿ ಅವನಿಗಿಂತ ಮೂರು ನಾಲ್ಕು ವರ್ಷ ದೊಡ್ಡವನಾದ ಗೆಳೆಯ, ಅದೇ ಬಸ್ಸಿನವನು, ಅದೇ ಹಾಸ್ಟೆಲಿನವನು. ವಯಸ್ಸಿನ ಮಿತಿ 18 ಇದ್ದಾಗ ಅವನು ಕಾನೂನುಬದ್ಧ ಗಿರಾಕಿಯಾಗಿದ್ದ. ಮಿತಿ 21 ಆದಮೇಲೆ ಆ ಕೊಂಡಿ ಕಳಚುತ್ತದೆ, ಇಪ್ಪತ್ತೆರಡರವನು ಹೈಸ್ಕೂಲಿನವರ ಜೊತೆ ಓಡಾಡುವುದು ಅಪರೂಪ. ಅಮೆರಿಕ ಇಡೀ ದೇಶಕ್ಕೆ 2019ರ ಡಿಸೆಂಬರ್‌ನಲ್ಲಿ 21 ಮಾಡಿದ್ದರ ಹಿಂದೆಯೂ ಇದೇ ಯೋಚನೆಯಿತ್ತು. ನಮ್ಮಲ್ಲಿ ಮದ್ಯಕ್ಕೆ 21 ಎಂಬುದು 1967ರ ಅಬಕಾರಿ ನಿಯಮಗಳಲ್ಲಿ ಇದೆ. 2023ರ ಆರಂಭದಲ್ಲಿ ಅದನ್ನು 18ಕ್ಕೆ ಇಳಿಸುವ ಕರಡು ಬಂದು, ಜನರ ವಿರೋಧದ ಮೇಲೆ ಕೈಬಿಟ್ಟರು. ಕೈಬಿಟ್ಟದ್ದು ಒಳ್ಳೆಯದಾಯಿತು.

18 ಎಂಬ ಗೆರೆ ಪೂರ್ತಿ ಅಳಿಸಿಹೋಗಿಲ್ಲ ಎಂಬುದನ್ನೂ ಅಂಗಡಿಯವರು ತಿಳಿದಿರಬೇಕು. 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ 18ರೊಳಗಿನ ಮಗುವಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಕೊಟ್ಟರೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಸಾವಿರ ರೂಪಾಯಿ ಕಟ್ಟಿ ಮುಗಿಸುವ ಪ್ರಕರಣವಲ್ಲ ಅದು, ಪೊಲೀಸ್ ಠಾಣೆಗೇ ಹೋಗುತ್ತದೆ. ಇ-ಸಿಗರೇಟಿಗಂತೂ ವಯಸ್ಸಿನ ಮಾತೇ ಇಲ್ಲ, 2019ರ ಕಾಯ್ದೆಯಿಂದ ಯಾರಿಗೂ ಮಾರುವಂತಿಲ್ಲ.

ಆ ಬೀದಿಯ ಕೊನೆಯ ಅಂಗಡಿಯಲ್ಲಿ ಯೂನಿಫಾರ್ಮ್ ಹಾಕಿದ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಗಲ್ಲಾದಲ್ಲಿ ಕೂತು ಗಣಿತದ ಲೆಕ್ಕ ಮಾಡುತ್ತಿದ್ದಳು. ಅವಳ ತಲೆಗೆ ತಾಗುವಂತೆ ಜರ್ದಾ ಸರ. ಅವ್ವ ಒಳಗೆ ಬೋಂಡ ಕರಿಯುತ್ತಿದ್ದರು. 18ರೊಳಗಿನವರು ಹೊಗೆಸೊಪ್ಪಿನ ಮಾಲನ್ನು ಮಾರುವುದಿರಲಿ, ಮುಟ್ಟಿ ಕೊಡುವುದನ್ನೂ 2011ರ ನಿಯಮ ತಡೆಯುತ್ತದೆ. ಮನೆಮಂದಿಯೆಲ್ಲ ಸೇರಿ ನಡೆಸುವ ಅಂಗಡಿಗಳಲ್ಲಿ ದಿನವೂ ಮುರಿಯುವ ನಿಯಮ ಇದೇ, ದಂಡದ ಪುಸ್ತಕದಲ್ಲಿ ಅದರ ಸುದ್ದಿಯೇ ಇರುವುದಿಲ್ಲ. "ನಮ್ಮದೇ ಹೊಗೆಸೊಪ್ಪಿನ ಹೊಲ ಅದೆ ಸಾ. ಮನೇಲಿ ಸೊಪ್ಪು ಪೋಣಿಸ್ತಾಳೆ, ಇಲ್ಲಿ ಪೊಟ್ಣ ಕೊಟ್ರೆ ತಪ್ಪಾ?" ಎಂದು ಆ ತಾಯಿ ಕೇಳಿದರು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಆಗಸ್ಟ್ ಎಂದರೆ ಬ್ಯಾರನ್‌ಗಳಲ್ಲಿ ಸೊಪ್ಪು ಹದ ಮಾಡುವ ಕಾಲ. ಬೆಳೆಯುವುದಕ್ಕೆ ಪರವಾನಗಿ ಇದೆ, ಹರಾಜು ಕಟ್ಟೆ ಇದೆ. ಹೀಗಿರುವಾಗ ಆ ಪ್ರಶ್ನೆಯನ್ನು ಉಡಾಫೆ ಎನ್ನುವಂತಿಲ್ಲ. ಹಸಿ ಸೊಪ್ಪು ಪೋಣಿಸುವುದೂ ಮಕ್ಕಳ ಕೆಲಸವಲ್ಲ, ಎಲೆಯ ನೀರು ಚರ್ಮಕ್ಕೆ ಹತ್ತಿದರೆ ನಿಕೋಟಿನ್ ಮೈಗೆ ಇಳಿದು ತಲೆಸುತ್ತು, ವಾಂತಿ ಬರುತ್ತದೆ ಎಂದಾಗ ಅವರು, "ಹೂಂ ಸಾ, ಹೋದ್ ವರ್ಷ ಅವ್ಳಿಗೆ ಹಂಗೇ ಆಗಿತ್ತು" ಅಂದರು. ಆಮೇಲೆ ತಾವೇ ಸ್ಟೂಲು ಹಾಕಿಕೊಂಡು ಸರವನ್ನು ಬಿಚ್ಚಿ ಹಿಂದಿನ ಬೀರುವಿನಲ್ಲಿಟ್ಟರು. ಆದರೆ ಈ ಅಂಗಡಿಯೂ ಗೋಡೆಯಿಂದ 70 ಮೀಟರಿನಲ್ಲೇ ಇತ್ತು. ಬೀರುವಿನಲ್ಲಿಟ್ಟರೆ ಸಾಲದು, ಮಾಲು ಅಲ್ಲಿಂದಲೇ ಹೋಗಬೇಕು ಎಂಬುದನ್ನೂ ಹೇಳಲೇಬೇಕಾಯಿತು.

ದಂಡ ಹಾಕುವಾಗ ರಸೀದಿಯಲ್ಲಿ ಸೆಕ್ಷನ್ ಸಂಖ್ಯೆ, ಸಮಯ, ಅಳೆದ ದೂರ ಮೂರನ್ನೂ ಬರೆಯಬೇಕು. ಬರಿಯ ಮೊತ್ತ ಬರೆದ ರಸೀದಿ ಮುಂದಿನ ಸಲ ಯಾವ ಕೆಲಸಕ್ಕೂ ಬಾರದು, ಅದೇ ಅಂಗಡಿ ಎರಡನೇ ಸಲ ಸಿಕ್ಕಾಗ ಹಿಂದೆ ಏನಾಗಿತ್ತೆಂದು ಯಾರಿಗೂ ಗೊತ್ತಾಗುವುದಿಲ್ಲ. ಅಂದು ಟೀ ಅಂಗಡಿಗೊಂದು, ಹಿಂಬದಿಯ ಮೂರರಲ್ಲಿ ಎರಡಕ್ಕೆ ರಸೀದಿ ಹರಿದದ್ದಾಯಿತು, ಉಳಿದವರಿಗೆ ಎಚ್ಚರಿಕೆ ಪತ್ರ. ಹೊಸ ಫಲಕಗಳನ್ನು ಕೊಟ್ಟು ಹಳೆಯ, 18 ಎಂದಿದ್ದವನ್ನು ವಾಪಸು ತಂದೆವು. ಹಳೆಯದು ಗೋಡೆ ಮೇಲೇ ಉಳಿದರೆ ಹತ್ತೊಂಬತ್ತರ ಹುಡುಗ ಅದನ್ನೇ ತೋರಿಸಿ ವಾದ ಮಾಡುತ್ತಾನೆ.

ಗೋಡೆಯ ಬಿರುಕು ಮುಚ್ಚಿಸಲು ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದಾಯಿತು. ಹಳದಿ ಗೆರೆಗೆ ಆ ಸಂಜೆ ಬಣ್ಣ ಹಚ್ಚಲಾಗಲಿಲ್ಲ, ತುಂತುರು ಶುರುವಾಗಿತ್ತು, ಒದ್ದೆ ಡಾಂಬರಿನ ಮೇಲೆ ಬಣ್ಣ ಹಿಡಿಯುವುದಿಲ್ಲ. ಸೀಮೆಸುಣ್ಣದ ಗುರುತೂ ಮಳೆಗೆ ಹೋಗುವುದರಿಂದ 100 ಮೀಟರಿಗೆ ಬಂದ ಕಡೆಯಲ್ಲೆಲ್ಲ ರಸ್ತೆಯಂಚಿಗೆ ಒಂದೊಂದು ಮೊಳೆ ಹೊಡೆದು, ಎದುರಿನ ಕಂಬದ ಸಂಖ್ಯೆ ಬರೆದುಕೊಂಡೆವು. ಮರುಭೇಟಿ ಹದಿನಾರನೆಯ ದಿನ, ಸಂಜೆ 4.10ಕ್ಕೆ, ಹಿಂಬದಿಯ ಗೋಡೆಯ ಕಡೆಯಿಂದ.